ಸಂಪಾದಕರ ಉತ್ತರ: ಖಾಸಗಿ ವಿಶ್ವವಿದ್ಯಾಲಯದ ಸೀಟು ಹಿಡಿಯುವ ಮುನ್ನ

ಬನವಾಸಿ ಕಡೆಯ ಓದುಗರೊಬ್ಬರ ಪತ್ರದ ಸಾರ ಇಷ್ಟು. ಮಗಳು ಹತ್ತನೆಯವರೆಗೆ ಊರಿನ ಸರಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಶಿರಸಿಯಲ್ಲಿ ಪಿಯುಸಿ ಸೈನ್ಸ್ ಮುಗಿಸಿದ್ದಾಳೆ. ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಮಾಡುವ ಆಸೆ. ದೂರದ ಖಾಸಗಿ ವಿಶ್ವವಿದ್ಯಾಲಯವೊಂದರ ಪ್ರತಿನಿಧಿ ಮನೆಗೇ ಬಂದು ಬ್ರೋಷರ್ ಕೊಟ್ಟು ಹೋಗಿದ್ದಾರೆ. ಹತ್ತಾರು ಕೋರ್ಸು, ನೂರಾರು ಪೇಟೆಂಟು, ದೇಶದ ಎಲ್ಲ ಕಡೆಯ ವಿದ್ಯಾರ್ಥಿಗಳು ಎಂದೆಲ್ಲ ಅದರಲ್ಲಿದೆ. ವಾರದೊಳಗೆ 50,000 ರೂಪಾಯಿ ಕಟ್ಟಿ ಸೀಟು ಬ್ಲಾಕ್ ಮಾಡಿ ಎಂಬ ಒತ್ತಾಯ ಬೇರೆ. ‘ಇದನ್ನೆಲ್ಲ ನಂಬಬಹುದೇ? ನಮ್ಮಂಥವರ ಮಕ್ಕಳು ಅಲ್ಲಿ ನಿಭಾಯಿಸಿಯಾರೇ?’ ಎಂದು ಕೇಳಿದ್ದೀರಿ.

ಬ್ರೋಷರ್ ಬದಿಗಿಡಿ. ಅದೇ ಸಂಸ್ಥೆ ಕೇಂದ್ರ ಸರಕಾರಕ್ಕೆ ತಾನೇ ಬರೆದುಕೊಟ್ಟ ಅಂಕಿಗಳಿವೆ, ಅವನ್ನು ನೋಡಿ.

ಮೊದಲು ಪದವಿಯ ಮಾನ್ಯತೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅಡಿ, ಎಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಡಿ ಬೆಳೆದವು. ಹಾಗಾಗಿ ‘ಪದವಿ ಕೊಡುವವರು ಯಾರು’ ಎಂದು ಕೇಳುವ ರೂಢಿ ನಮ್ಮಲ್ಲಿಲ್ಲ. ಖಾಸಗಿ ವಿಶ್ವವಿದ್ಯಾಲಯದಲ್ಲಿ ಪಠ್ಯ ಬರೆಯುವವರು, ಪಾಠ ಮಾಡುವವರು, ಪ್ರಶ್ನೆಪತ್ರಿಕೆ ತೆಗೆಯುವವರು, ಅಂಕ ಹಾಕುವವರು ಎಲ್ಲ ಒಂದೇ ಸೂರಿನವರು. ಅದು ರಾಜ್ಯ ಶಾಸಕಾಂಗದ ಕಾಯ್ದೆಯಿಂದ ಹುಟ್ಟಿರಬೇಕು ಮತ್ತು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಪಟ್ಟಿಯಲ್ಲಿರಬೇಕು. ಡೀಮ್ಡ್ (ಕೇಂದ್ರ ಸರಕಾರ ವಿಶ್ವವಿದ್ಯಾಲಯವೆಂದು ಪರಿಗಣಿಸಿದ ಸಂಸ್ಥೆ) ಎಂದಾದರೆ 1956ರ ಯುಜಿಸಿ ಕಾಯ್ದೆಯ 3ನೇ ಕಲಮಿನಡಿ ಘೋಷಣೆ ಆಗಿರಬೇಕು. ಎರಡೂ ಪಟ್ಟಿ ಯುಜಿಸಿ ವೆಬ್‌ಸೈಟಿನಲ್ಲಿವೆ. ಗೋವಾ ಗಡಿಗೆ ಹತ್ತಿರದ ಕಾರವಾರದವರು ಒಂದು ಮಾತು ಗಮನಿಸಿ: ಬೇರೆ ರಾಜ್ಯದ ಖಾಸಗಿ ವಿಶ್ವವಿದ್ಯಾಲಯದ ‘ಸ್ಟಡಿ ಸೆಂಟರ್’ ಇಲ್ಲೇ ಇದೆ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಬಿಟ್ಟುಬಿಡಿ. ಒಂದು ರಾಜ್ಯದ ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯ ಗಡಿಯಾಚೆ ಅಂಗಡಿ ತೆರೆಯುವಂತಿಲ್ಲ ಎಂಬುದು 2005ರ ಯಶ್‌ಪಾಲ್ ಪ್ರಕರಣದಲ್ಲೇ ತೀರ್ಮಾನವಾಗಿದೆ. ನ್ಯಾಕ್ (ಸಂಸ್ಥೆಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಮಂಡಳಿ) ಗ್ರೇಡ್ ಇದ್ದರೆ ಅದರ ಅವಧಿ ಮುಗಿದಿದೆಯೇ ನೋಡಿ. ಗ್ರೇಡಿಗಿಂತ ಉಪಯೋಗಕ್ಕೆ ಬರುವುದು ತಜ್ಞರ ತಂಡದ ವರದಿ. ಅದರಲ್ಲಿ ‘ದೌರ್ಬಲ್ಯ’ ಎಂಬ ತಲೆಬರಹದಡಿ ಬರೆದದ್ದನ್ನು ಓದಿ, ಉಳಿದದ್ದು ಬಹುಪಾಲು ಹೊಗಳಿಕೆ.

ಇನ್ನು ಆ ಅಂಕಿಗಳು. ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಕೇಂದ್ರ ಸರಕಾರ ಕೊಡುವ ಎನ್‌ಐಆರ್‌ಎಫ್ ರ‍್ಯಾಂಕಿಂಗ್ 2016ರಿಂದ ಪ್ರಕಟವಾಗುತ್ತಿದೆ. ರ‍್ಯಾಂಕ್ ಎಷ್ಟು ಎಂಬುದು ನಿಮಗೆ ಅಷ್ಟೇನೂ ಮುಖ್ಯವಲ್ಲ. ಅದಕ್ಕಾಗಿ ಸಂಸ್ಥೆ ತುಂಬಿಕೊಟ್ಟ ನಮೂನೆಯ ಪಿಡಿಎಫ್ ಬೇಕು. ಸಂಸ್ಥೆಯ ವೆಬ್‌ಸೈಟಿನಲ್ಲಿ ಎನ್‌ಐಆರ್‌ಎಫ್ ಎಂಬ ಕೊಂಡಿಯಡಿ ಸಿಗುತ್ತದೆ. ಭಾಗವಹಿಸುವುದು ಕಡ್ಡಾಯವಲ್ಲ. ಆದರೆ ದೊಡ್ಡ ಮಾತಾಡುವ ಸಂಸ್ಥೆ ಇದರಿಂದ ದೂರ ಉಳಿದಿದ್ದರೆ ಏಕೆಂದು ಕೇಳಬೇಕು.

ಅದರಲ್ಲಿ ‘ಪ್ಲೇಸ್‌ಮೆಂಟ್ ಮತ್ತು ಉನ್ನತ ವ್ಯಾಸಂಗ’ ಕೋಷ್ಟಕ ತೆಗೆಯಿರಿ. ಮೊದಲ ವರ್ಷ ಸೇರಿದವರು, ಎರಡನೇ ವರ್ಷಕ್ಕೆ ನೇರ ಸೇರಿದವರು, ನಿಗದಿತ ಅವಧಿಯಲ್ಲಿ ಪಾಸಾದವರು, ಕೆಲಸ ಸಿಕ್ಕವರು, ಅವರ ಮೀಡಿಯನ್ ಸಂಬಳ, ಮುಂದೆ ಓದಲು ಹೋದವರು, ಹೀಗೆ ಸಾಲಾಗಿ ಇರುತ್ತದೆ. ಉದಾಹರಣೆಗೆ 600 ಮಂದಿ ಸೇರಿ, 40 ಮಂದಿ ನಡುವೆ ಬಂದು, 420 ಮಂದಿ ಸಮಯಕ್ಕೆ ಪಾಸಾಗಿ, 210 ಮಂದಿಗೆ ಕೆಲಸ ಸಿಕ್ಕಿದೆ ಎನ್ನಿ. ಬ್ರೋಷರ್ ಇದನ್ನು ‘ಅರ್ಹರಲ್ಲಿ ಶೇ. 90 ಪ್ಲೇಸ್‌ಮೆಂಟ್’ ಎಂದೂ ಬರೆದೀತು. ಅರ್ಹರು ಯಾರು ಎಂಬುದನ್ನು ತೀರ್ಮಾನಿಸುವುದು ಅವರೇ. ನೀವು 210ನ್ನು 640ರಿಂದ ಭಾಗಿಸಿ, ಮೂರರಲ್ಲಿ ಒಂದು ಪಾಲು. ಮೀಡಿಯನ್ ಸಂಬಳ ಎಂದರೆ ಆ 210 ಮಂದಿಯಲ್ಲಿ ಅರ್ಧದಷ್ಟು ಜನ ಅದಕ್ಕಿಂತ ಮೇಲೆ, ಅರ್ಧದಷ್ಟು ಜನ ಕೆಳಗೆ. ಕೆಲಸ ಸಿಗದವರು ಆ ಲೆಕ್ಕದಲ್ಲೇ ಇಲ್ಲ. ‘ಅತ್ಯಧಿಕ ಪ್ಯಾಕೇಜ್’ ಎಂಬುದು ಶಿರಸಿ ಮಾರುಕಟ್ಟೆಯ ರಾಶಿ ಅಡಿಕೆಯ ಗರಿಷ್ಠ ದರದ ಹಾಗೆ. ಯಾರದೋ ಒಂದೆರಡು ಲಾಟಿಗೆ ಬಿದ್ದ ದರವನ್ನೇ ನೆಚ್ಚಿ ಯಾರೂ ಸಾಲ ತೆಗೆಯುವುದಿಲ್ಲವಲ್ಲ.

‘ನಮ್ಮಂಥವರ ಮಕ್ಕಳು’ ಎಂದಿರಿ. ಅದಕ್ಕೆ ಉತ್ತರ ವಿದ್ಯಾರ್ಥಿ ಸಂಖ್ಯೆಯ ಕೋಷ್ಟಕದಲ್ಲಿದೆ. ಹೊರರಾಜ್ಯದವರು ಎಷ್ಟು ಎಂಬುದನ್ನು ದಾಟಿ ಬಲಕ್ಕೆ ಬನ್ನಿ. ಆರ್ಥಿಕವಾಗಿ ಹಿಂದುಳಿದವರು ಎಷ್ಟು, ಪರಿಶಿಷ್ಟ ಹಾಗೂ ಹಿಂದುಳಿದ ವರ್ಗದವರು ಎಷ್ಟು, ಸರಕಾರದಿಂದ ಪೂರ್ತಿ ಬೋಧನಾ ಶುಲ್ಕ ಮರುಪಾವತಿ ಆದವರು ಎಷ್ಟು, ಸಂಸ್ಥೆ ತನ್ನ ಹಣದಿಂದ ಪೂರ್ತಿ ಶುಲ್ಕ ಭರಿಸಿದವರು ಎಷ್ಟು ಎಂದು ಬೇರೆಬೇರೆ ಕಾಲಂ ಇವೆ. ಸಂಸ್ಥೆ ಭರಿಸಿದವರ ಕಾಲಂನಲ್ಲಿ ಸೊನ್ನೆಯೋ ಬೆರಳೆಣಿಕೆಯೋ ಇದ್ದರೆ ‘ಮೆರಿಟ್ ಸ್ಕಾಲರ್‌ಶಿಪ್’ ಎಂಬುದು ಶುಲ್ಕ ಏರಿಸಿ ಆಮೇಲೆ ಕೊಡುವ ರಿಯಾಯಿತಿ ಎಂದೇ ನಾನು ತಿಳಿಯುತ್ತೇನೆ. ಅಂಥ ರಿಯಾಯಿತಿ ಎರಡನೇ ವರ್ಷಕ್ಕೂ ಉಳಿಯಲು ಎಷ್ಟು ಸಿಜಿಪಿಎ (ಸರಾಸರಿ ಗ್ರೇಡ್ ಅಂಕ) ಬೇಕು, ಒಂದು ವಿಷಯ ಬಾಕಿ ಉಳಿದರೆ ರದ್ದಾಗುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕಿದೆ. ಸಿದ್ದಿ ಸಮುದಾಯದವರು 2003ರಿಂದ ಪರಿಶಿಷ್ಟ ಪಂಗಡ. ಹಾಲಕ್ಕಿ ಒಕ್ಕಲಿಗರ ಅದೇ ಬೇಡಿಕೆ ಇನ್ನೂ ಈಡೇರಿಲ್ಲ. ಪಕ್ಕಪಕ್ಕದ ಕೇರಿಯ ಇಬ್ಬರು ಮಕ್ಕಳಿಗೆ ಸಿಗುವ ಸೌಲಭ್ಯ ಬೇರೆಬೇರೆ. ಯಾವ ವರ್ಗವೇ ಆಗಲಿ, ಸಂಸ್ಥೆಯೇ ನೇರವಾಗಿ ತುಂಬುವ ಮ್ಯಾನೇಜ್‌ಮೆಂಟ್ ಸೀಟಿಗೆ ಸರಕಾರಿ ಶುಲ್ಕ ಮರುಪಾವತಿ ಸಿಗುತ್ತದೆಂದು ಪ್ರತಿನಿಧಿ ಹೇಳಿದರೆ ನಂಬಬೇಡಿ. ಸಂಬಂಧಪಟ್ಟ ಇಲಾಖೆಯ ತಾಲೂಕು ಕಚೇರಿಯಲ್ಲಿ ವಿಚಾರಿಸಿಯೇ ಹಣ ಕಟ್ಟಿ. ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರದ ಹೆಸರಿಗೂ ಆಧಾರ್ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೂ ಎಸ್‌ಎಸ್‌ಪಿ (ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್) ಅರ್ಜಿ ಸಿಕ್ಕಿಹಾಕಿಕೊಳ್ಳುತ್ತದೆ. ಇದನ್ನು ಈಗಲೇ ಸರಿಮಾಡಿಸಿ.

ನಿಮ್ಮ ಮಗಳ ಕೈಯಲ್ಲಿ ಬ್ರೋಷರಿಗಿಂತ ಬೆಲೆಯ ಎರಡು ಸಂಗತಿಗಳಿವೆ. ಒಂದರಿಂದ ಹತ್ತು ಪೂರ್ತಿ ಗ್ರಾಮೀಣ ಶಾಲೆ, ಪೂರ್ತಿ ಕನ್ನಡ ಮಾಧ್ಯಮ. ಸಿಇಟಿ ನಡೆಸುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸೀಟು ಹಂಚಿಕೆಯಲ್ಲಿ ಗ್ರಾಮೀಣರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲು. ಸಿಇಟಿ ಅರ್ಜಿಯಲ್ಲೇ ಎರಡನ್ನೂ ನಮೂದಿಸಿರಬೇಕು. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿಯ ವ್ಯಾಸಂಗ ಪ್ರಮಾಣಪತ್ರ ಕೇಳಿದರೆ ಕೊಡಲು ತಯಾರಿರಬೇಕು. ಮ್ಯಾನೇಜ್‌ಮೆಂಟ್ ಸೀಟಿಗೆ ಇವೆರಡೂ ಲೆಕ್ಕಕ್ಕಿಲ್ಲ. ರಾಜ್ಯದ ಖಾಸಗಿ ವಿಶ್ವವಿದ್ಯಾಲಯಗಳೂ ಒಂದಷ್ಟು ಸೀಟುಗಳನ್ನು ಕೆಇಎ ಮೂಲಕವೇ ತುಂಬುತ್ತವೆ. ನೀವು ಹೇಳುವ ಸಂಸ್ಥೆ ಆ ಪಟ್ಟಿಯಲ್ಲಿದ್ದರೆ ಅದೇ ತರಗತಿ, ಅದೇ ಬೆಂಚು ಕಡಿಮೆ ಶುಲ್ಕಕ್ಕೆ ಸಿಕ್ಕೀತು. ಹಾಗಿರುವಾಗ ವಾರದೊಳಗೆ ಕಟ್ಟಿ ಎಂಬ ಆತುರ ಅವರದು, ನಿಮ್ಮದಲ್ಲ.

ಸಂಶೋಧನೆಯ ವಿಷಯ ಚುಟುಕಾಗಿ ಹೇಳುತ್ತೇನೆ. ಪೇಟೆಂಟ್ ಅರ್ಜಿ ಹಾಕಿ 18 ತಿಂಗಳಾದರೆ ಅದು ತಾನಾಗಿಯೇ ‘ಪ್ರಕಟ’ವಾಗುತ್ತದೆ, ಯಾರೂ ಅದನ್ನು ಪರೀಕ್ಷಿಸಿರಬೇಕೆಂದಿಲ್ಲ. ‘ಮಂಜೂರಾದದ್ದು ಎಷ್ಟು’ ಎಂದು ಕೇಳಿ, ಸಂಖ್ಯೆ ಕರಗುವುದನ್ನು ನೋಡಿ. ಅದೇ ಪಿಡಿಎಫ್‌ನಲ್ಲಿ ಹೊರಗಿನ ಸಂಸ್ಥೆಗಳು ಪ್ರಾಯೋಜಿಸಿದ ಸಂಶೋಧನೆಗೆ ಬಂದ ಹಣ ವರ್ಷವಾರು ಇರುತ್ತದೆ. ಶೋಧಗಂಗಾ ಜಾಲತಾಣದಲ್ಲಿ ಆ ವಿಶ್ವವಿದ್ಯಾಲಯದ ಪಿಎಚ್‌ಡಿ ಪ್ರಬಂಧಗಳಿವೆಯೇ ಎಂದೂ ನೋಡಬಹುದು. ಬಿಇ ಸೇರುವವಳಿಗೆ ಇದರಿಂದ ಏನು ಲಾಭ ಎಂದರೆ, ಮೂರನೇ ವರ್ಷದ ಪ್ರಾಜೆಕ್ಟಿಗೆ ಪ್ರಯೋಗಾಲಯದ ಬಾಗಿಲು ತೆರೆದಿರುತ್ತದೆಯೇ ಎಂಬುದು, ಅಷ್ಟೆ.

ನಿಭಾಯಿಸುವ ಪ್ರಶ್ನೆ ಮೊದಲ ಸೆಮಿಸ್ಟರಿನದು. ಕನ್ನಡ ಮಾಧ್ಯಮದಿಂದ ಬಂದವರು ಎಡವುವುದು ಬುದ್ಧಿ ಸಾಲದೆ ಅಲ್ಲ. ಪಾಠದ ವೇಗಕ್ಕೆ ನೋಟ್ಸ್ ಬರೆದುಕೊಳ್ಳಲು ಆಗದೆ, ಗೊತ್ತಿಲ್ಲದ್ದನ್ನು ಇಂಗ್ಲಿಷಿನಲ್ಲಿ ಕೇಳಲು ಹಿಂಜರಿದು, ಗಣಿತದ ಮೊದಲ ಆಂತರಿಕ ಪರೀಕ್ಷೆ ಕೈಕೊಡುತ್ತದೆ. ಬ್ರಿಜ್ ಕೋರ್ಸ್ (ಬುನಾದಿ ಗಟ್ಟಿಮಾಡುವ ತರಗತಿ) ಇದೆಯೇ ಎಂದು ಕೇಳಿದರೆ ಎಲ್ಲರೂ ‘ಇದೆ’ ಎನ್ನುತ್ತಾರೆ. ಎಷ್ಟು ಗಂಟೆ, ಟೈಮ್‌ಟೇಬಲಿನಲ್ಲಿ ಎಲ್ಲಿದೆ, ಕಳೆದ ವರ್ಷ ಮೊದಲ ಸೆಮಿಸ್ಟರಿನ ಗಣಿತದಲ್ಲಿ ಎಷ್ಟು ಮಂದಿ ಫೇಲ್ ಎಂದು ಕೇಳಿ. ಬಾಕಿ ವಿಷಯವನ್ನು ಮತ್ತೆ ಬರೆಯಲು ತಲಾ ಎಷ್ಟು ಶುಲ್ಕ ಎಂಬುದೂ ಬೇಕು. ಬ್ರೋಷರಿನ ಶುಲ್ಕ ಪಟ್ಟಿಯಲ್ಲಿ ಇದು ಇರುವುದು ಅಪರೂಪ.

ಇಷ್ಟಾದ ಮೇಲೂ ಹಣ ಕಟ್ಟುವುದಾದರೆ ವಿಶ್ವವಿದ್ಯಾಲಯದ ಖಾತೆಗೇ ಕಟ್ಟಿ ರಸೀದಿ ಪಡೆಯಿರಿ, ಪ್ರತಿನಿಧಿಯ ಫೋನ್ ನಂಬರಿಗೆ ಕಳಿಸಬೇಡಿ. ಯುಜಿಸಿ 2018ರ ಅಧಿಸೂಚನೆಯಂತೆ, ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಇರುವಾಗ ಸೀಟು ಬಿಟ್ಟರೆ ಪೂರ್ತಿ ಶುಲ್ಕ ವಾಪಸು. ಅದರಲ್ಲಿ ಮುರಿದುಕೊಳ್ಳಬಹುದಾದದ್ದು ಹೆಚ್ಚೆಂದರೆ ಶೇ. 5, ಅದೂ 5,000 ರೂಪಾಯಿ ಮೀರದಂತೆ. 15 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಶೇ. 90, ಕೊನೆಯ ದಿನ ಕಳೆದು 15 ದಿನದೊಳಗೆ ಶೇ. 80, 16ರಿಂದ 30ನೇ ದಿನದವರೆಗೆ ಶೇ. 50, ಆಮೇಲೆ ಏನೂ ಇಲ್ಲ. ಆಯಾ ವರ್ಷದ ಸುತ್ತೋಲೆ ಇದಕ್ಕಿಂತ ಸಡಿಲವಾಗಿರುವುದೂ ಉಂಟು, ನೋಡಿಕೊಳ್ಳಿ. ಅಂಕಪಟ್ಟಿ, ಟಿಸಿಯ ಮೂಲಪ್ರತಿ ತೋರಿಸಿ ವಾಪಸು ತನ್ನಿ, ಅವನ್ನು ಇಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ. ಇಟ್ಟುಕೊಂಡರೆ ರಸೀದಿಯ ಪ್ರತಿಯೊಂದಿಗೆ ಯುಜಿಸಿಯ ಇ-ಸಮಾಧಾನ್ ಪೋರ್ಟಲಿನಲ್ಲಿ ದೂರು ದಾಖಲಿಸಿ.