200 ಗಂಟೆ ಮುಗಿದ ಮೇಲೆ: ಯೋಗ ಶಿಕ್ಷಕರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಅಂಕಣ ಪೂರ್ತಿ ಯೋಗ ಕಲಿಸುವವರಿಗೆ ಮೀಸಲು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಒಂದೇ ವಿಷಯದವನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: 200 ಗಂಟೆಯ ಶಿಕ್ಷಕ ತರಬೇತಿ ಮುಗಿಸಿದ್ದೇನೆ. ಬೆಳಿಗ್ಗೆ, ಸಂಜೆ ಎರಡು ಕ್ಲಾಸ್ ನಡೆಸುತ್ತೇನೆ. ಈಗ 300 ಗಂಟೆಯ ಅಡ್ವಾನ್ಸ್ಡ್ ಕೋರ್ಸ್ ಸೇರಬೇಕೋ, ಸರ್ಕಾರದ ಪ್ರಮಾಣಪತ್ರದ ಪರೀಕ್ಷೆ ಕಟ್ಟಬೇಕೋ? ಎರಡಕ್ಕೂ ದುಡ್ಡು ಹೊಂದಿಸುವುದು ಕಷ್ಟ.
– ಯೋಗ ಶಿಕ್ಷಕಿ, ಟಿಳಕವಾಡಿ, ಬೆಳಗಾವಿ

ಉತ್ತರ: ಇವೆರಡೂ ಬೇರೆ ಬೇರೆ ದಾರಿಗಳು, ಒಂದರ ಬದಲು ಇನ್ನೊಂದು ಬರುವುದಿಲ್ಲ. 200, 300, 500 ಎಂಬ ಲೆಕ್ಕ ಹೆಚ್ಚಾಗಿ ಅಮೆರಿಕದ ಯೋಗ ಅಲೈಯನ್ಸ್ ಸಂಸ್ಥೆಯದು. ಅದು ಖಾಸಗಿ ನೋಂದಣಿ ಸಂಸ್ಥೆ. ನಿಮ್ಮ 200ಕ್ಕೆ 300 ಗಂಟೆ ಸೇರಿಸಿ, ಮೊದಲ ತರಬೇತಿಯ ನಂತರ ಕನಿಷ್ಠ 100 ಗಂಟೆ ಪಾಠ ಮಾಡಿದ್ದರೆ 500ರ ಶಿಕ್ಷಕಿಯಾಗಿ ನೋಂದಾಯಿಸಿಕೊಳ್ಳಬಹುದು. ಆಮೇಲೆ ಮೂರು ವರ್ಷಕ್ಕೊಮ್ಮೆ 45 ಗಂಟೆ ಪಾಠ, 30 ಗಂಟೆ ಹೊಸ ಕಲಿಕೆ ತೋರಿಸಬೇಕು. ವಿದೇಶದಲ್ಲಿ ಕಲಿಸುವ ಅಥವಾ ವಿದೇಶಿಯರಿಗೆ ಆನ್‌ಲೈನ್ ಕ್ಲಾಸ್ ನಡೆಸುವ ಯೋಚನೆ ಇದ್ದರೆ ಇದರಿಂದ ಉಪಯೋಗವಿದೆ.

ಇನ್ನೊಂದು, ಆಯುಷ್ ಸಚಿವಾಲಯದಡಿ ಬರುವ ಯೋಗ ಸರ್ಟಿಫಿಕೇಶನ್ ಬೋರ್ಡ್. ಅದರಲ್ಲಿ ಯೋಗ ಪ್ರೋಟೋಕಾಲ್ ಇನ್‌ಸ್ಟ್ರಕ್ಟರ್‌ಗೆ 200 ಗಂಟೆ, ವೆಲ್‌ನೆಸ್ ಇನ್‌ಸ್ಟ್ರಕ್ಟರ್‌ಗೆ 400, ಟೀಚರ್ ಆ್ಯಂಡ್ ಇವ್ಯಾಲ್ಯುಯೇಟರ್‌ಗೆ 800, ಯೋಗ ಮಾಸ್ಟರ್‌ಗೆ 1600 ಗಂಟೆಯ ಪಠ್ಯವಿದೆ. ಲಿಖಿತದ ಜೊತೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಶಾಲೆ, ಆರೋಗ್ಯ ಕೇಂದ್ರ, ಸರ್ಕಾರಿ ಯೋಜನೆಯಲ್ಲಿ ಕೆಲಸ ಬೇಕೆಂದರೆ ಈ ದಾರಿಯೇ ಹೆಚ್ಚು ಉಪಯುಕ್ತ. ಆದರೂ ಪ್ರತಿ ನೇಮಕಾತಿಯ ಅಧಿಸೂಚನೆಯಲ್ಲಿ ಯಾವ ಪ್ರಮಾಣಪತ್ರ ಕೇಳಿದ್ದಾರೆ ಎಂದು ಓದಿದ ಮೇಲೆಯೇ ಫೀ ಕಟ್ಟಿ. ಟಿಳಕವಾಡಿಯಲ್ಲೇ ಕ್ಲಾಸ್ ನಡೆಸಿಕೊಂಡು ಹೋಗುವವರಾದರೆ ಮೊದಲು ಬೋರ್ಡಿನ ಪರೀಕ್ಷೆ ಮುಗಿಸಿ ಎಂಬುದು ನಮ್ಮ ಸಲಹೆ.

300 ಗಂಟೆಯ ಕೋರ್ಸೇ ಬೇಕೆಂದರೆ ಮೊದಲು ಒಂದು ಭಾಗಾಕಾರ ಮಾಡಿ. 25 ದಿನದಲ್ಲಿ 300 ಗಂಟೆ ಅಂದರೆ ದಿನಕ್ಕೆ 12 ಗಂಟೆ. ಆರನೆಯ ದಿನಕ್ಕೇ ಮೈ ಸೋತಿರುತ್ತದೆ, ಮಧ್ಯಾಹ್ನದ ಅಂಗರಚನೆಯ ಪಾಠ ತಲೆಗೆ ಹತ್ತುವುದಿಲ್ಲ. ಎಂಟು ಹತ್ತು ತಿಂಗಳಿಗೆ ಹಂಚಿ, ಪ್ರತಿ ವಾರಾಂತ್ಯ ನಡೆಸುವ ಕೋರ್ಸ್ ಒಳ್ಳೆಯದು. ಭಾನುವಾರ ಕಲಿತದ್ದನ್ನು ಸೋಮವಾರ ನಿಮ್ಮದೇ ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿ, ತೊಡಕು ಬಂದರೆ ಮುಂದಿನ ವಾರ ಕೇಳಬಹುದು. ಸೇರುವ ಮೊದಲು ಕೇಳಲೇಬೇಕಾದ ಮಾತು ಇದು: "ನಾನು ನಿಜವಾದ ವಿದ್ಯಾರ್ಥಿಗಳಿಗೆ ಎಷ್ಟು ಗಂಟೆ ಪಾಠ ಮಾಡುತ್ತೇನೆ? ಅದನ್ನು ಹಿರಿಯ ಶಿಕ್ಷಕರು ಕೂತು ನೋಡಿ ತಿದ್ದುತ್ತಾರೆಯೇ?" ಇದಕ್ಕೆ ಸ್ಪಷ್ಟ ಉತ್ತರ ಸಿಗದಿದ್ದರೆ ಸೇರಬೇಡಿ.

ಯಾಕೆಂದರೆ ಮುಂದಿನ ಹಂತದ ತರಬೇತಿ ಅಂದರೆ ಇನ್ನೂ ಕಠಿಣ ಆಸನಗಳಲ್ಲ. ಎದುರಿಗಿರುವ ಮೈಯನ್ನು ನೋಡಲು ಕಲಿಯುವುದು. ಕಾಲು ಅಗಲಿಸಿ ನಿಂತು ಪಕ್ಕಕ್ಕೆ ಬಾಗುವ ತ್ರಿಕೋನಾಸನವನ್ನೇ ತೆಗೆದುಕೊಳ್ಳಿ. ಹೊಸ ಶಿಕ್ಷಕರ ಕಣ್ಣು ಮೊದಲು ಕೈಗೆ ಹೋಗುತ್ತದೆ, ನೆಲ ಮುಟ್ಟಿತೋ ಇಲ್ಲವೋ ಎಂದು. ಪಳಗಿದವರು ಪಾದದಿಂದ ಶುರು ಮಾಡುತ್ತಾರೆ: ಮುಂದಿನ ಪಾದದ ಹೆಬ್ಬೆರಳ ಬುಡ ನೆಲ ಬಿಟ್ಟಿದೆಯೇ, ಮೊಣಕಾಲ ಚಿಪ್ಪು ಎರಡನೆಯ ಬೆರಳಿನ ನೇರಕ್ಕಿದೆಯೇ, ಮೊಣಕಾಲು ಹಿಂದಕ್ಕೆ ಬಾಗಿ ಲಾಕ್ ಆಗಿದೆಯೇ. ಲಾಕ್ ಆಗಿದ್ದರೆ ಭಾರವೆಲ್ಲ ಕೀಲಿನ ಹಿಂಬದಿಯ ಮೇಲೆ. ಕೂದಲೆಳೆಯಷ್ಟು ಮಡಿಸಿ ತೊಡೆ ಬಿಗಿ ಮಾಡಿಸಿ. ತೊಡೆಸಂದಿನಲ್ಲಿ ಮಡಿಕೆ ಬೀಳದೆ ಪಕ್ಕೆ ಉಬ್ಬಿದ್ದರೆ ಕೈಕೆಳಗೆ ಇಟ್ಟಿಗೆಯಂಥ ಬ್ಲಾಕ್ ಕೊಡಿ, ಇಲ್ಲದಿದ್ದರೆ ಕುರ್ಚಿ. ಎರಡೂ ಸೊಂಟದ ಎಲುಬು ಗೋಡೆಗೆ ತಾಗಬೇಕು ಎಂದು ಒತ್ತಾಯಿಸಬೇಡಿ. ಹಿಂದಿನ ಸೊಂಟ ತುಸು ಮುಂದೆ ಬರುವುದು ಸಹಜ, ಅದನ್ನು ತಡೆದರೆ ಬೆನ್ನ ಬುಡದ ಕೀಲು ತಿರುಚಿಕೊಳ್ಳುತ್ತದೆ.

ಹೀಗೆ ಕಣ್ಣು ಪಳಗಿಸುವ ಪರಂಪರೆ ಬೇಕೆಂದರೆ ಪುಣೆಯ ಅಯ್ಯಂಗಾರ್ ಸಂಸ್ಥೆ, 1924ರಲ್ಲಿ ಶುರುವಾದ ಲೋಣಾವಳದ ಕೈವಲ್ಯಧಾಮ ನಿಮಗೆ ದೂರವಲ್ಲ. ಬಿ.ಕೆ.ಎಸ್. ಅಯ್ಯಂಗಾರರು 1937ರಲ್ಲಿ ಕಲಿಸಲು ಪುಣೆಗೆ ಹೋದದ್ದೇ ಬೆಳಗಾವಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದ ಡಾ. ವಿ.ಬಿ. ಗೋಖಲೆಯವರ ಕರೆಯಿಂದ. ನಿಮ್ಮ ಊರಿಗೆ ಆ ನಂಟೂ ಇದೆ.

ಪ್ರಶ್ನೆ: ನನ್ನ ಸಂಜೆ ಕ್ಲಾಸಿಗೆ ಬರುವವರು ಬಹುಪಾಲು ನೇಕಾರ ಹೆಣ್ಣುಮಕ್ಕಳು. ಎಲ್ಲರಿಗೂ ಕುತ್ತಿಗೆ, ಬಲಭುಜ, ಸೊಂಟ ನೋವು. ತರಬೇತಿಯಲ್ಲಿ ಕಲಿಸಿದ ಕ್ರಮ (ಸೂರ್ಯನಮಸ್ಕಾರ, ಪಶ್ಚಿಮೋತ್ತಾನಾಸನ, ಸರ್ವಾಂಗಾಸನ, ಹಲಾಸನ) ಮಾಡಿಸಿದರೆ ನೋವು ಹೆಚ್ಚಾಯಿತು ಅಂತಾರೆ. ಎಲ್ಲಿ ತಪ್ಪುತ್ತಿದೆ?
– ಯೋಗ ಶಿಕ್ಷಕಿ, ಇಳಕಲ್

ಉತ್ತರ: ಆಸನಗಳು ತಪ್ಪಲ್ಲ, ಈ ಮೈಗಳಿಗೆ ಆ ಕ್ರಮ ತಪ್ಪು. ಒಂದು ದಿನ ಮಗ್ಗದ ಬಳಿ ಅರ್ಧ ಗಂಟೆ ನಿಂತು ನೋಡಿ. ಕುಣಿಮಗ್ಗದಲ್ಲಿ ಕಾಲು ಕುಣಿಯೊಳಗೆ, ಕುಂಡಿ ಹಲಗೆಯ ಅಂಚಿನಲ್ಲಿ. ಸೊಂಟ ದಿನವಿಡೀ ಮಡಿಸಿಯೇ ಇರುತ್ತದೆ. ಒಂದು ಕೈ ಲಾಳಿಯ ಹಗ್ಗ ಎಳೆಯುತ್ತದೆ, ಆ ಬದಿಯ ಭುಜ ಕಿವಿಯ ಕಡೆಗೆ ಏರುತ್ತದೆ. ಇನ್ನೊಂದು ಕೈ ನೆಯ್ದ ಎಳೆಯನ್ನು ಹೊಡೆದು ಕೂಡಿಸುತ್ತದೆ. ಅಂಚು ನೋಡಲು ತಲೆ ಮುಂದಕ್ಕೆ ಬಾಗಿರುತ್ತದೆ. ಇಷ್ಟಾದ ಮೇಲೆ ಸಂಜೆ ನೀವು ಪಶ್ಚಿಮೋತ್ತಾನ ಮಾಡಿಸಿದರೆ ಬೆಳಗಿನಿಂದ ಬಾಗಿದ್ದ ಬೆನ್ನನ್ನೇ ಮತ್ತೆ ಬಾಗಿಸಿದಂತೆ. ಸರ್ವಾಂಗಾಸನ, ಹಲಾಸನದಲ್ಲಿ ಗದ್ದ ಎದೆಗೆ ಒತ್ತಿ ಕುತ್ತಿಗೆ ಮಡಿಯುತ್ತದಲ್ಲ, ಮಗ್ಗದ ಮೇಲಿನ ಭಂಗಿಯೂ ಅದೇ. ಇಲ್ಲಿ ಅದರ ಜೊತೆಗೆ ಮೈಭಾರ ಬೇರೆ. ಈ ಎರಡನ್ನೂ ಇವರಿಗೆ ಮಾಡಿಸಲೇಬೇಡಿ.

35 ನಿಮಿಷದ ಕ್ರಮ ಹೀಗಿರಲಿ. ಮೊದಲ 5 ನಿಮಿಷ ಮೊಣಕಾಲು ಮಡಿಸಿ ಅಂಗಾತ ಮಲಗಿಸಿ. ಒಂದು ಚಾದರವನ್ನು ನಾಲ್ಕು ಬೆರಳು ಅಗಲಕ್ಕೆ ಸುತ್ತಿ ಬೆನ್ನೆಲುಬಿನ ಉದ್ದಕ್ಕೆ, ಭುಜದ ಎಲುಬುಗಳ ನಡುವೆ ಇಡಿ, ತಲೆಯ ಕೆಳಗೂ ಒಂದು ಮಡಿಕೆ. ತಲೆ ಹಿಂದಕ್ಕೆ ಜೋತು ಬೀಳಬಾರದು. ಕೈ ಅಗಲಿಸಿದರೆ ಎದೆ ತಾನೇ ತೆರೆದುಕೊಳ್ಳುತ್ತದೆ. ಆಮೇಲೆ ಸೇತುಬಂಧ: ಉಸಿರು ತೆಗೆದುಕೊಳ್ಳುತ್ತ ಏರುವುದು, ಬಿಡುತ್ತ ಇಳಿಯುವುದು, 6 ಸಲ. ಏಳನೆಯದರಲ್ಲಿ 5 ಉಸಿರಿನಷ್ಟು ಹೊತ್ತು ಮೇಲೆಯೇ ಇರಿಸಿ. ಮುಂದೆ ಒಂದು ಮೊಣಕಾಲನ್ನು ಮಡಿಸಿದ ಕಂಬಳಿಯ ಮೇಲಿಟ್ಟು ಆಂಜನೇಯಾಸನ, ಬದಿಗೆ 5 ಉಸಿರಿನಂತೆ ಎರಡು ಸಲ. ಇಲ್ಲಿ ಎಲ್ಲರೂ ಸೊಂಟ ಮುಂದೆ ತಳ್ಳಿ ಬೆನ್ನು ಬಾಗಿಸುತ್ತಾರೆ, ಬಿಗಿ ಬಿಡುವುದೇ ಇಲ್ಲ. ಹಿಂದಿನ ಕಾಲಿನ ಕುಂಡಿ ಬಿಗಿ ಮಾಡಿ, ಕಿಬ್ಬೊಟ್ಟೆ ಮೇಲಕ್ಕೆಳೆದ ಮೇಲೆ ಮುಂದೆ ಹೋಗಲಿ. ಎರಡು ಬೆರಳಷ್ಟು ಹೋದರೂ ಸಾಕು, ತೊಡೆಸಂದಿನ ಮುಂಭಾಗದಲ್ಲಿ ಎಳೆತ ಗೊತ್ತಾಗುತ್ತದೆ.

ನಂತರ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ಮೊಣಕೈ ಮಡಿಸಿ ಕೈಯನ್ನು ಗೋಡೆಯ ಮೇಲೆ ಜಾರಿಸುತ್ತ ಏರಿಸಿ ಇಳಿಸಿ, 8 ಸಲ. ಏರಿಸುವಾಗ ಪಕ್ಕೆಲುಬು ಗೋಡೆ ಬಿಟ್ಟು ಮುಂದೆ ಬಂದರೆ ಕೈ ಅಲ್ಲಿಗೇ ನಿಲ್ಲಿಸಿ. ಭುಜಂಗಾಸನ ಕೊಡಬಹುದು, ಆದರೆ ಅಂಗೈ ನೆಲದಿಂದ ಎತ್ತಿ, ನೋಟ ನೆಲದ ಮೇಲೆ. ಕೈ ಒತ್ತಿ ತಲೆ ಹಿಂದಕ್ಕೆ ಎಸೆದರೆ ಬೆನ್ನಿನ ಬದಲು ಕುತ್ತಿಗೆಯೇ ಮಡಿಯುತ್ತದೆ. ಕೊನೆಗೆ ಬೋರಲು ಮಲಗುವ ಮಕರಾಸನ, 7 ಸಲ ಭ್ರಾಮರಿ (ದುಂಬಿಯಂತೆ ಗುಂಯ್‌ಗುಡುತ್ತ ಉಸಿರು ಬಿಡುವುದು), ಶವಾಸನ.

ದಿನಕ್ಕೆ ಎಂಟು ಗಂಟೆ ಮಗ್ಗದಲ್ಲಿ ಕೂತವರಿಗೆ ಕ್ಲಾಸಿನ ಅರ್ಧ ಗಂಟೆಯಷ್ಟೇ ಸಾಲದು. ಲಾಳಿಯ ಕಂಡಿಕೆ (ನೂಲು ಸುತ್ತಿದ ಕೊಳವೆ) ಮುಗಿದು ಬೇರೆ ಹಾಕುವಾಗಲೆಲ್ಲ ತಲೆ ಎತ್ತಿ ದೂರದ ಗೋಡೆ ನೋಡಿ, ಭುಜ ಕೆಳಕ್ಕೆ ಬಿಟ್ಟು, ಮೂರು ಉಸಿರು ತೆಗೆದುಕೊಳ್ಳಲು ಹೇಳಿ. ಕಂಡಿಕೆ ಬದಲಿಸುವುದು ಹೇಗೂ ತಪ್ಪದ ಕೆಲಸ, ಹಾಗಾಗಿ ಇದು ಮರೆಯುವುದಿಲ್ಲ. ಕೈಬೆರಳು ಮರಗಟ್ಟುವುದು, ಹಿಡಿತ ಸಡಿಲವಾಗುವುದು, ಕುತ್ತಿಗೆಯಿಂದ ಕೈಗೆ ಇಳಿಯುವ ನೋವು ಇದ್ದವರನ್ನು ಮಾತ್ರ ಮೊದಲು ವೈದ್ಯರ ಹತ್ತಿರ ಕಳಿಸಿ.

ಪ್ರಶ್ನೆ: ಅಡ್ವಾನ್ಸ್ಡ್ ಕೋರ್ಸಿನಲ್ಲಿದ್ದೇನೆ. ದಿನಕ್ಕೆರಡು ಹೊತ್ತು ಅಭ್ಯಾಸ. ಎಡ ಕುಂಡಿಯ ಕೆಳಗೆ, ಕೂತಾಗ ನೆಲಕ್ಕೆ ತಾಗುವ ಎಲುಬಿನ ಹತ್ತಿರ ಚುಚ್ಚಿದಂತೆ ನೋವು. ಇನ್ನೂ ಹೆಚ್ಚು ಬಾಗಿದರೆ ಬಿಡುತ್ತದೆ ಎನ್ನುತ್ತಾರೆ, ಬಿಡುತ್ತಿಲ್ಲ.
– ಓದುಗರು, ಅಥಣಿ

ಉತ್ತರ: ಬಾಗುವುದನ್ನು ಇಂದೇ ನಿಲ್ಲಿಸಿ. ತೊಡೆಯ ಹಿಂಭಾಗದ ಸ್ನಾಯುಗಳು ಆ ಎಲುಬಿಗೆ ಅಂಟಿಕೊಳ್ಳುವ ಜಾಗದ ಸ್ನಾಯುರಜ್ಜು ಸವೆದು ನೋಯುತ್ತಿರುವ ಲಕ್ಷಣ ಇದು. ಯೋಗ ಶಿಕ್ಷಕರಲ್ಲಿ ಬಹಳ ಸಾಮಾನ್ಯ. ಮುಂದೆ ಬಾಗಿದಾಗಲೆಲ್ಲ ಆ ರಜ್ಜು ಎಲುಬಿಗೆ ಒತ್ತಿ ಉಜ್ಜಿಕೊಳ್ಳುತ್ತದೆ. ರಜ್ಜುವಿಗೆ ರಕ್ತ ಪೂರೈಕೆ ಕಡಿಮೆ, ಆದ್ದರಿಂದ ವಾಸಿಯಾಗಲು ವಾರಗಳಲ್ಲ, ತಿಂಗಳುಗಳೇ ಬೇಕು. ಎಳೆದಷ್ಟೂ ಅದು ಮುಂದಕ್ಕೆ ಹೋಗುತ್ತದೆ.

ಈ ರಜ್ಜುವಿಗೆ ಬೇಕಾದದ್ದು ಬಲ. ಅಂಗಾತ ಮಲಗಿ ಮೊಣಕಾಲು ಮಡಿಸಿ, ಸೊಂಟ ಎತ್ತಿ 30ರಿಂದ 45 ಸೆಕೆಂಡ್ ನಿಲ್ಲಿ. ದಿನಕ್ಕೆ 4–5 ಸಲ. ಎರಡು ವಾರ ಸಲೀಸಾದರೆ ಪಾದಗಳನ್ನು ಒಂದು ಗೇಣು ಮುಂದಿಟ್ಟು ಅದನ್ನೇ ಮಾಡಿ, ಆಮೇಲೆ ಒಂದೇ ಕಾಲಲ್ಲಿ. ಮಾಡುವಾಗ ನೋವು ಹತ್ತಕ್ಕೆ ಮೂರರೊಳಗಿದ್ದು, ಮರುದಿನ ಬೆಳಿಗ್ಗೆ ಹೆಚ್ಚಾಗದಿದ್ದರೆ ಅಳತೆ ಸರಿಯಿದೆ. ನಿಂತು ಮುಂದೆ ಬಾಗುವ ಉತ್ತಾನಾಸನಕ್ಕೆ ಮೊಣಕಾಲು ಚೆನ್ನಾಗಿ ಮಡಿಸಿ, ಗಟ್ಟಿ ನೆಲದ ಮೇಲೆ ಹೆಚ್ಚು ಹೊತ್ತು ಕೂರಬೇಡಿ. ನೋವು ಮೊಣಕಾಲಿನ ಕೆಳಗೆ ಇಳಿದು ಜುಮುಗುಟ್ಟಿದರೆ ಅದು ನರದ ತೊಂದರೆ ಇರಬಹುದು. ಟಪ್ ಎಂದು ಸದ್ದಾಗಿ ತೊಡೆ ಕಂದಿದರೆ ಅಂದೇ ಮೂಳೆ ವೈದ್ಯರಿಗೆ ತೋರಿಸಿ. ತರಬೇತಿ ಕೊಡುವವರಿಗೆ ಇದನ್ನು ಬಾಯಿಬಿಟ್ಟು ಹೇಳಿ, ವಿದ್ಯಾರ್ಥಿಯ ನೋವು ಕೇಳಿ ಕ್ರಮ ಬದಲಿಸುವುದು ಅವರ ಕೆಲಸ.

ಪ್ರಶ್ನೆ: ಕಪಾಲಭಾತಿ ಮಾಡಿಸುವಾಗ ಒಬ್ಬಿಬ್ಬರಿಗೆ ಬೆರಳು ಜುಮುಗುಟ್ಟಿ ತಲೆ ತಿರುಗುತ್ತದೆ. ಶಕ್ತಿ ಏಳುವ ಲಕ್ಷಣ ಎಂದು ಹೇಳಬಹುದೇ?
– ಯೋಗ ಶಿಕ್ಷಕ, ವಿಜಯಪುರ

ಉತ್ತರ: ಹೇಳಬೇಡಿ. ಅತಿ ವೇಗವಾಗಿ ಉಸಿರಾಡಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಮಿದುಳಿನ ರಕ್ತನಾಳ ಕುಗ್ಗುತ್ತದೆ. ತಲೆ ತಿರುಗುವುದು ಅದಕ್ಕೇ. ರಕ್ತದ ಆಮ್ಲೀಯತೆ ತಗ್ಗಿ ಕ್ಯಾಲ್ಸಿಯಂ ಸಮತೋಲ ಏರುಪೇರಾಗುವುದರಿಂದ ಬೆರಳು ಜುಮುಗುಟ್ಟುತ್ತದೆ. ನಿಲ್ಲಿಸಿ, ಕೂರಿಸಿ, ಮೂಗಿನಿಂದ ನಿಧಾನ ಉಸಿರಾಡಲು ಹೇಳಿದರೆ ಕೆಲವು ನಿಮಿಷದಲ್ಲಿ ಸರಿಹೋಗುತ್ತದೆ.

ಹೆಚ್ಚಿನವರು ಕಪಾಲಭಾತಿ ಎಂದು, ಉಸಿರನ್ನು ಎಳೆಯುವುದೂ ಬಿಡುವುದೂ ಜೋರಾಗಿರುವ ಭಸ್ತ್ರಿಕಾ ಮಾಡುತ್ತಿರುತ್ತಾರೆ. ಕಪಾಲಭಾತಿಯಲ್ಲಿ ಬಿಡುವುದಷ್ಟೇ ನಮ್ಮ ಕೆಲಸ, ಉಸಿರು ತಾನಾಗಿ ಒಳಬರಬೇಕು. ಭುಜ ಕುಣಿಯುತ್ತಿದ್ದರೆ, ಮುಖ ಬಿಗಿದಿದ್ದರೆ ಅವರು ಎಳೆದುಕೊಳ್ಳುತ್ತಿದ್ದಾರೆ ಎಂದರ್ಥ. ಸೆಕೆಂಡಿಗೊಂದರಂತೆ 20 ಹೊಡೆತ, ಉಸಿರು ತಣಿಯುವವರೆಗೆ ಬಿಡುವು, ಹೀಗೆ ಮೂರು ಸುತ್ತು ಹೊಸಬರಿಗೆ ಸಾಕು. ಹತೋಟಿಗೆ ಬಾರದ ರಕ್ತದೊತ್ತಡ, ಹೃದ್ರೋಗ, ಹರ್ನಿಯಾ, ಮೂರ್ಛೆರೋಗ, ಗ್ಲಾಕೋಮಾ ಇದ್ದವರಿಗೆ, ಬಸುರಿಯರಿಗೆ, ಹೊಟ್ಟೆಯ ಆಪರೇಶನ್ ಆದವರಿಗೆ ಬೇಡ. ನಿಮ್ಮ ಕಡೆಯ ಏಪ್ರಿಲ್–ಮೇ ಬಿಸಿಲಿನಲ್ಲಿ ಇದನ್ನು ಬೆಳಿಗ್ಗೆ ಆರಕ್ಕೇ ಮುಗಿಸಿ, ಸಂಜೆ ಕ್ಲಾಸಿಗೆ ಶೀತಲಿ (ನಾಲಿಗೆ ಸುರುಳಿ ಮಾಡಿ ಉಸಿರೆಳೆಯುವ ಪ್ರಾಣಾಯಾಮ) ಇಟ್ಟುಕೊಳ್ಳಿ.

ಪ್ರಶ್ನೆ: ಪರೀಕ್ಷೆಗೆ ಪತಂಜಲಿ ಸೂತ್ರ ಪೂರ್ತಿ ಬಾಯಿಪಾಠ ಬೇಕೇ?
– ಓದುಗರು, ಇಂಡಿ

ಉತ್ತರ: 196 ಸೂತ್ರಗಳಲ್ಲಿ ನೇರವಾಗಿ ಆಸನದ ಬಗ್ಗೆ ಇರುವುದು ಮೂರೇ, ಎರಡನೆಯ ಪಾದದ (ಅಧ್ಯಾಯದ) 46ರಿಂದ 48. ಅಲ್ಲಿಂದ 53ರವರೆಗೆ, ಅಂದರೆ ಪ್ರಾಣಾಯಾಮದ ಭಾಗವನ್ನೂ ಸೇರಿಸಿ ಅರ್ಥಸಮೇತ ಕಲಿಯಿರಿ. ಮೊದಲ ಪಾದದ ಮೊದಲ 16 ಸೂತ್ರಗಳನ್ನೂ ಬಿಡಬೇಡಿ, ಅಭ್ಯಾಸ–ವೈರಾಗ್ಯದ ಮಾತು ಬರುವುದು ಅಲ್ಲೇ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನ ಕೇಳಿದ ಹಿರಿಯರು ನಿಮ್ಮೂರಲ್ಲಿ ಬೇಕಾದಷ್ಟಿದ್ದಾರೆ. ಅವರೊಡನೆ ವಾರಕ್ಕೊಂದು ಸೂತ್ರ ಕೂತು ಓದಿದರೆ ಬಾಯಿಪಾಠಕ್ಕಿಂತ ಚೆನ್ನಾಗಿ ಉಳಿಯುತ್ತದೆ.

ಪ್ರಶ್ನೆ: ವೆಲ್‌ನೆಸ್ ಇನ್‌ಸ್ಟ್ರಕ್ಟರ್ ಪ್ರಮಾಣಪತ್ರ ಇದೆ. ನಾಮಫಲಕದ ಮೇಲೆ "ಯೋಗ ಚಿಕಿತ್ಸಕ" ಎಂದು ಬರೆಸಬಹುದೇ? ಬಿಪಿ ಮಾತ್ರೆ ಬಿಡಿಸಬಹುದೇ ಎಂದೂ ಜನ ಕೇಳುತ್ತಾರೆ.
– ಯೋಗ ಶಿಕ್ಷಕ, ಮುಧೋಳ

ಉತ್ತರ: ಎರಡೂ ಬೇಡ. ಚಿಕಿತ್ಸೆಯ ವಿಭಾಗಕ್ಕೆ ಸರ್ಟಿಫಿಕೇಶನ್ ಬೋರ್ಡಿನಲ್ಲಿ ಸಹಾಯಕ ಯೋಗ ಚಿಕಿತ್ಸಕರಿಂದ ಶುರುವಾಗುವ ಬೇರೆಯೇ ಹಂತಗಳಿವೆ. ಅವನ್ನು ಮುಗಿಸುವವರೆಗೆ "ಯೋಗ ಶಿಕ್ಷಕ" ಎಂದೇ ಬರೆಸಿ. ಮಾತ್ರೆ ಕೊಟ್ಟ ವೈದ್ಯರೇ ಅದನ್ನು ಕಡಿಮೆ ಮಾಡಬೇಕು. ನೀವು ಮಾಡಬಹುದಾದದ್ದು ಇಷ್ಟು: ವಿದ್ಯಾರ್ಥಿ ವಾರಕ್ಕೆರಡು ದಿನ ಒಂದೇ ಹೊತ್ತಿಗೆ, ಐದು ನಿಮಿಷ ಸುಮ್ಮನೆ ಕೂತ ಮೇಲೆ ಬಿಪಿ ನೋಡಿಸಿಕೊಂಡು ವಹಿಯಲ್ಲಿ ಬರೆದಿಡಲಿ. ಆ ವಹಿಯನ್ನು ವೈದ್ಯರಿಗೆ ತೋರಿಸಲು ಹೇಳಿ.