ದೊಡ್ಡವಳನ್ನು ಮೊದಲು ಕೇಳು, ತಂಗಿ

ನಿನ್ನ ಪತ್ರ ಎರಡು ಸಲ ಓದಿದೆ. ಡಲ್ಲಾಸ್‌ಗೆ ಬಂದು ಎರಡು ತಿಂಗಳು. ಗಂಡನದ್ದು ಎಚ್-1ಬಿ ಎಂಬ ಕೆಲಸದ ವೀಸಾ, ನಿನ್ನದೂ ಮಕ್ಕಳದ್ದೂ ಅವರ ಜೊತೆಗೆ ಬಂದವರ ಎಚ್-4. ದೊಡ್ಡವಳಿಗೆ 14, ಚಿಕ್ಕವನಿಗೆ 11. ಇಲ್ಲಿನ ಹೈಸ್ಕೂಲಿನ ಬಗ್ಗೆ ಯಾರ್ಯಾರೋ ಹೇಳಿದ್ದು ಕೇಳಿ ನಿನಗೆ ರಾತ್ರಿ ನಿದ್ರೆ ಇಲ್ಲ. ಇಗರ್ಜಿಯಲ್ಲಿ ಆರು ಮಕ್ಕಳಿಗೂ ಮನೆಯಲ್ಲೇ ಕಲಿಸುವ ಒಂದು ಕುಟುಂಬ ನೋಡಿದ್ದೀ. "ಅಕ್ಕ, ನಾವೂ ಹಾಗೆ ಮಾಡಬಹುದಾ? ಕೇಸ್ ಆಗ್ತದಾ? ಕಾಲೇಜಿಗೆ ತೆಗೊಳ್ತಾರಾ? ಮಕ್ಕಳು ದೇವರ ದಾರಿ ಬಿಡದೆ ಇರ್ತಾರಾ?" ಅಂತ ಕೇಳಿದ್ದೀ. ನಿನ್ನ ಚಿಕ್ಕಮ್ಮನೂ ನಾನೂ ಕಾಸರಗೋಡಿನ ಬೇಳದಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಅದಕ್ಕೆ ಮುಚ್ಚುಮರೆ ಇಲ್ಲದೆ ಬರೆಯುತ್ತೇನೆ.

ಕೇಸಿನ ಮಾತು ಮೊದಲು ಮುಗಿಸುವ. ಆಗುವುದಿಲ್ಲ. ಅಮೆರಿಕದ 50 ರಾಜ್ಯಗಳಲ್ಲೂ ಮನೆಯಲ್ಲಿ ಕಲಿಸುವುದು ಕಾನೂನಿನ ಪ್ರಕಾರ ಸರಿಯೇ, ನಿಯಮ ಮಾತ್ರ ಒಂದೊಂದು ಕಡೆ ಒಂದೊಂದು ತರ. ನ್ಯೂಯಾರ್ಕಿನಲ್ಲಾದರೆ ಮೂರು ತಿಂಗಳಿಗೊಮ್ಮೆ ವರದಿ ಕೊಡಬೇಕು. ನಾವಿರುವ ಟೆಕ್ಸಾಸ್ ತುಂಬಾ ಸಡಿಲ. 1994ರಲ್ಲಿ ಈ ರಾಜ್ಯದ ಸುಪ್ರೀಂ ಕೋರ್ಟು ಮನೆಶಾಲೆಯನ್ನು ಖಾಸಗಿ ಶಾಲೆ ಎಂದೇ ಒಪ್ಪಿಕೊಂಡಿದೆ. ಓದು, ಸ್ಪೆಲಿಂಗ್, ವ್ಯಾಕರಣ, ಗಣಿತ, ಒಳ್ಳೆಯ ನಾಗರಿಕನಾಗುವ ಪಾಠ, ಈ ಐದನ್ನು ನಿಜವಾಗಿ ಕಲಿಸಬೇಕು, ಅಷ್ಟೇ. ಇನ್‌ಸ್ಪೆಕ್ಟರ್ ಬರುವುದಿಲ್ಲ. ಎಚ್-4 ಮಕ್ಕಳಿಗೆ ಇದಕ್ಕೆ ಅಡ್ಡಿ ಇಲ್ಲ. ಎಫ್-1 ವೀಸಾದಲ್ಲಿ ಓದಲು ಬಂದ ಮಕ್ಕಳಿಗೆ ಮಾತ್ರ ಇದು ಆಗುವುದಿಲ್ಲ. ಆದರೆ ನಿನ್ನ ಮಕ್ಕಳ ಹೆಸರು ಈಗಾಗಲೇ ಶಾಲೆಯಲ್ಲಿ ಉಂಟು ಅಲ್ವಾ? ಹಾಗಾಗಿ ಸುಮ್ನೆ ಕಳಿಸುವುದು ನಿಲ್ಲಿಸಬೇಡ. ಇಂಥ ದಿನದಿಂದ ಮನೆಯಲ್ಲಿ ಕಲಿಸುತ್ತೇವೆ ಎಂದು ಬರೆದು ಕೊಟ್ಟು, ಅದರ ಪ್ರತಿ ಇಟ್ಟುಕೋ. ಇಲ್ಲದಿದ್ದರೆ ಗೈರುಹಾಜರಿಯ ನೋಟಿಸು ಬರುತ್ತದೆ.

ಇನ್ನು ನನ್ನ ಅಪ್ಪನ ಕತೆ. ಅವರು ಬದಿಯಡ್ಕ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ ಮಾಸ್ಟ್ರು. ಕೇರಳಕ್ಕೆ ಸೇರಿದ ನಮ್ಮೂರಲ್ಲಿ ಕನ್ನಡ ಮಾಸ್ಟ್ರಾಗುವುದೆಂದರೆ ಏನು ಅಂತ ನಿನಗೆ ಗೊತ್ತು. ಮೇ ತಿಂಗಳ ಬಿಸಿಲಲ್ಲಿ ಕೊಡೆ ಹಿಡಿದು ಗುಡ್ಡ ಹತ್ತಿ ಮನೆ ಮನೆಗೆ ಹೋಗುವುದು, "ಒಂದನೆಗೆ ನಿಮ್ಮ ಮಗುವನ್ನು ನಮ್ಮಲ್ಲಿಗೇ ಕಳಿಸಿ" ಅಂತ ಕೇಳುವುದು. ಜೂನಿನಲ್ಲಿ ಆರನೇ ಕೆಲಸದ ದಿನ ತಲೆ ಎಣಿಸುತ್ತಾರೆ. ನಾಲ್ಕು ಮಕ್ಕಳು ಕಡಿಮೆಯಾದರೆ ಡಿವಿಷನ್ ಫಾಲ್, ಅಂದರೆ ಕ್ಲಾಸಿನ ಒಂದು ವಿಭಾಗವೇ ರದ್ದು, ಒಬ್ಬ ಮಾಸ್ಟ್ರು ಹೊರಗೆ. ಅಂಥವರಿಗೆ ನಾನು ಫೋನ್ ಮಾಡಿ, "ಅಪ್ಪಾ, ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲಿ ಕಲಿಸ್ತೇನೆ" ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, "ಇಡೀ ಜನ್ಮ ನಾನು ಮಕ್ಕಳನ್ನು ಶಾಲೆಗೆ ಕರೆದೆ. ನೀನು ಹೊರಗೆ ಕರೀತಿದ್ದೀ. ಮಗಳನ್ನು ಕೇಳಿದ್ದೀಯಾ?" ಅಂದರು.

ಕೇಳಿರಲಿಲ್ಲ.

ಮಗಳಿಗೆ ಆಗ 14. ಒಂಬತ್ತನೇ ಕ್ಲಾಸು, ಅಂದರೆ ಇಲ್ಲಿ ಹೈಸ್ಕೂಲಿನ ಮೊದಲ ವರ್ಷ. ಅಡುಗೆಮನೆ ಮೇಜಿನ ಮೇಲೆ ನಾನು ನಮ್ಮೂರಿನ ಶಾಲೆಯನ್ನೇ ಎಬ್ಬಿಸಿದೆ. ಎಂಟು ಗಂಟೆಗೆ ಪ್ರಾರ್ಥನೆ, ಗೋಡೆಗೆ ಟೈಮ್‌ಟೇಬಲ್, ವಾರಕ್ಕೊಂದು ಪರೀಕ್ಷೆ, ತಪ್ಪಿಗೆ ಕೆಂಪು ಶಾಯಿ. ನವೆಂಬರ್ ಹೊತ್ತಿಗೆ ನಮ್ಮಿಬ್ಬರ ನಡುವೆ ಪಾಠ ಬಿಟ್ಟು ಬೇರೆ ಮಾತೇ ಇರಲಿಲ್ಲ. ಹಗಲೆಲ್ಲ ಬೈದು ರಾತ್ರಿ ಊಟಕ್ಕೆ ಕರೆದರೆ ಯಾರು ಬರುತ್ತಾರೆ ಹೇಳು. ನನಗಾಗ ಎಚ್-4, ಕೆಲಸ ಮಾಡುವ ಹಾಗಿಲ್ಲ. ಊರಲ್ಲಿ ದುಡಿದವಳು ಇಲ್ಲಿ ಖಾಲಿ ಕೂತ ಸಿಟ್ಟನ್ನೆಲ್ಲ ಆ ಹುಡುಗಿಯ ಆಲ್ಜೀಬ್ರಾ ಪುಸ್ತಕದ ಮೇಲೆ ತೀರಿಸಿಕೊಂಡೆ. ನೀನೂ ಊರಲ್ಲಿ ಟೀಚರ್ ಆಗಿದ್ದವಳು. ಅದಕ್ಕೇ ಹೇಳುತ್ತಿದ್ದೇನೆ.

ಕ್ರಿಸ್‌ಮಸ್ ರಜೆಯಲ್ಲಿ ಅವಳೇ ಒಂದು ಹಾಳೆ ತಂದಳು. ಯಾವ ವಿಷಯ ಯಾರ ಹತ್ತಿರ ಕಲಿಯುತ್ತೇನೆ ಅಂತ ಬರೆದಿದ್ದಳು. ನನ್ನ ಹೆಸರು ಎರಡೇ ಕಡೆ ಇತ್ತು. ನೋವಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಹಾಳೆಯಿಂದಲೇ ನಮ್ಮ ಮನೆಶಾಲೆ ಬದುಕಿತು. ಗಣಿತ ಒಂದು ಆನ್‌ಲೈನ್ ಕ್ಲಾಸಿನಲ್ಲಿ. ಪ್ರಬಂಧ ಬರೆದದ್ದನ್ನು ತಿದ್ದಲು ಕೋ-ಆಪ್‌ನಲ್ಲಿ ಒಬ್ಬ ನಿವೃತ್ತ ಇಂಗ್ಲಿಷ್ ಟೀಚರು. ಕೋ-ಆಪ್ ಅಂದರೆ ಹತ್ತಿಪ್ಪತ್ತು ಮನೆಯವರು ವಾರಕ್ಕೊಮ್ಮೆ ಸೇರಿ, ಒಬ್ಬರ ಮಕ್ಕಳಿಗೆ ಇನ್ನೊಬ್ಬರು ಕಲಿಸುವುದು. 14 ದಾಟಿದ ಮಕ್ಕಳ ಬರಹವನ್ನು ಅಮ್ಮನಲ್ಲದವರು ಓದಬೇಕು ತಂಗಿ. ಅಮ್ಮ ತಿದ್ದಿದರೆ ಜಗಳ, ಬೇರೆಯವರು ತಿದ್ದಿದರೆ ಕಲಿಕೆ.

ಪುಸ್ತಕದ ಬಗ್ಗೆ ಕೇಳಿದ್ದೀ. ನಮ್ಮ ಕ್ಯಾಥೊಲಿಕ್‌ರಲ್ಲಿ ತುಂಬಾ ಜನ ವರ್ಜೀನಿಯಾದ ಸೀಟನ್ ಹೋಮ್ ಸ್ಟಡಿ ಸ್ಕೂಲಿಗೆ ಸೇರಿಸುತ್ತಾರೆ. ಪಾಠ, ಪರೀಕ್ಷೆ, ಅಂಕಪಟ್ಟಿ ಎಲ್ಲ ಅವರದ್ದೇ. ತಲೆಬಿಸಿ ಕಡಿಮೆ, ಆದರೆ ಒಂದೇ ಅಚ್ಚು. ಪ್ರೊಟೆಸ್ಟಂಟ್ ಮನೆಗಳಲ್ಲಿ ಅಪೊಲೋಜಿಯಾ ವಿಜ್ಞಾನ ಜಾಸ್ತಿ. ಅದರ ಜೀವಶಾಸ್ತ್ರ ವಿಕಾಸವಾದವನ್ನು ಒಪ್ಪುವುದಿಲ್ಲ. ನಾನು ಅದನ್ನು ಓದಿಸಿದರೂ ಜೊತೆಗೆ ಕಾಲೇಜಿನ ಪಠ್ಯವನ್ನೂ ಇಟ್ಟೆ. ನಾಳೆ ಕಾಲೇಜಿನಲ್ಲಿ ಮೊದಲ ಸಲ ಕೇಳಿ ಅವಳು ಕಂಗಾಲಾಗುವುದು ಬೇಡ ಅಂತ. ಪ್ರಯೋಗದ ಪೆಟ್ಟಿಗೆಯಲ್ಲಿ ಎರೆಹುಳ, ಕಪ್ಪೆ, ಒಂದು ಮೀನು ಬಂದಿತ್ತು. ಬಂಗುಡೆ ಕೊಯ್ದು ಬೆಳೆದ ಕೈ ನನ್ನದು, ಮೀನು ನಾನೇ ತೋರಿಸುತ್ತೇನೆ ಅಂದೆ. ಎರಡು ನಿಮಿಷದಲ್ಲಿ ಹೊಟ್ಟೆ ಸೀಳಿ, ಅಭ್ಯಾಸಬಲದಿಂದ ಒಳಗಿದ್ದದ್ದೆಲ್ಲ ಎಳೆದು ಸಿಂಕಿಗೆ ಹಾಕಿದೆ. ನೋಡಬೇಕಾದದ್ದು ಅದೇ ಆಗಿತ್ತು! ಅವಳು ಈಗಲೂ ಆ ಕತೆ ಹೇಳಿ ನಗುತ್ತಾಳೆ.

ಕಾಲೇಜಿನ ವಿಷಯಕ್ಕೆ ಬರುತ್ತೇನೆ. ತೆಗೆದುಕೊಳ್ಳುತ್ತಾರೆ, ಕಾಗದ ಸರಿ ಇದ್ದರೆ. ನಮ್ಮ ಎಸ್‌ಎಸ್‌ಎಲ್‌ಸಿ ತರ ಸರಕಾರ ಕೊಡುವ ಸರ್ಟಿಫಿಕೇಟು ಇಲ್ಲಿಲ್ಲ. ಟ್ರಾನ್ಸ್‌ಕ್ರಿಪ್ಟ್ ಎಂಬ ಅಂಕಪಟ್ಟಿಯನ್ನು ನೀನೇ ಟೈಪ್ ಮಾಡಿ ಸಹಿ ಹಾಕಬೇಕು. ಸುಮಾರು 120 ಗಂಟೆ ಓದಿದರೆ ಒಂದು ಕ್ರೆಡಿಟ್ ಅಂತ ಲೆಕ್ಕ. ಇಂಗ್ಲಿಷ್ ನಾಲ್ಕು ವರ್ಷ, ಗಣಿತ ಮೂರೋ ನಾಲ್ಕೋ, ಲ್ಯಾಬ್ ಇರುವ ವಿಜ್ಞಾನ, ಇತಿಹಾಸ, ಬೇರೆ ಭಾಷೆ ಎರಡು ವರ್ಷ, ಹೀಗೆ ಹೆಚ್ಚಿನ ಕಾಲೇಜಿನವರು ನೋಡುತ್ತಾರೆ. ಓದಿದ ಪುಸ್ತಕದ ಹೆಸರು, ಬರೆದ ಪ್ರಬಂಧ, ಎಲ್ಲಾ ಮೊದಲ ದಿನದಿಂದ ಒಂದು ಪೆಟ್ಟಿಗೆಯಲ್ಲಿ ಹಾಕು. ಮೂರು ವರ್ಷ ಕಳೆದು ನೆನಪು ಮಾಡಿ ಬರೆಯುತ್ತೇನೆ ಅಂದರೆ ಆಗುವುದಿಲ್ಲ, ನಾನು ಅತ್ತಿದ್ದೇನೆ.

ಅಮ್ಮ ಕೊಟ್ಟ ಎ ಗ್ರೇಡನ್ನು ಯಾರು ನಂಬುತ್ತಾರೆ? ಹೊರಗಿನ ಸಾಕ್ಷಿ ಬೇಕು. ಕಾಲೇಜಿಗೆ ಸೇರಲು ಬರೆಯುವ ಎಸ್‌ಎಟಿ ಪರೀಕ್ಷೆ ಒಂದು. ಹೈಸ್ಕೂಲಿನಲ್ಲಿರುವಾಗಲೇ ಬರೆಯುವ ಕಾಲೇಜು ಮಟ್ಟದ ಎಪಿ ಪರೀಕ್ಷೆಗಳು ಇನ್ನೊಂದು. ಅವು ನಡೆಯುವುದು ಮೇ ತಿಂಗಳಲ್ಲಾದರೂ ಹೆಸರು ಕೊಡಬೇಕಾದದ್ದು ಹಿಂದಿನ ನವೆಂಬರಿನೊಳಗೆ, ಅದೂ ಹೊರಗಿನ ಮಕ್ಕಳನ್ನು ಕೂರಿಸಿಕೊಳ್ಳುವ ಶಾಲೆಯೊಂದನ್ನು ನಾವೇ ಹುಡುಕಿ. ನಾನು ಜನವರಿಯಲ್ಲಿ ಫೋನ್ ಹಿಡಿದೆ. ಏಳು ಶಾಲೆಗಳಿಗೆ ಮಾಡಿದೆ. ಒಂದು ಕಡೆ ಮಾತ್ರ ಸಮಾಧಾನದಿಂದ ಇಲ್ಲ ಅಂದರು, ಉಳಿದವರು ಪೂರ್ತಿ ಕೇಳಲೂ ಇಲ್ಲ. ಒಂದು ವರ್ಷ ಹೋಯಿತು. ಎಲ್ಲಕ್ಕಿಂತ ಉಪಕಾರವಾದದ್ದು ಕಮ್ಯುನಿಟಿ ಕಾಲೇಜು. ಟಿಎಸ್‌ಐ ಎಂಬ ಪರೀಕ್ಷೆ ಪಾಸಾಗಿ, ಹನ್ನೊಂದನೆಯಲ್ಲಿರುವಾಗಲೇ ಮಗಳು ಅಲ್ಲಿ ಎರಡು ವಿಷಯ ಓದಿದಳು. ಅಲ್ಲಿನ ಪ್ರೊಫೆಸರು ಕೊಟ್ಟ ಗ್ರೇಡಿಗೆ ಯಾರೂ ಎದುರು ಮಾತಾಡಲಿಲ್ಲ. ಶಿಫಾರಸು ಪತ್ರವೂ ಅಲ್ಲಿಂದಲೇ ಸಿಕ್ಕಿತು.

ಬೇರೆ ಭಾಷೆಗೆ ನಾವು ಇಟ್ಟದ್ದು ಕನ್ನಡ. ಎಲ್ಲರೂ ಸ್ಪ್ಯಾನಿಷ್ ಅಂದರು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಆಫೀಸಿನಲ್ಲಿ ಮಲಯಾಳ ಮಾತಾಡಿ ಬೆಳೆದ ನನಗೆ, ಮಗಳು ಅಜ್ಜನ ಪತ್ರ ಓದಲಾರಳು ಅನ್ನುವುದು ಸಹಿಸಲಿಲ್ಲ. ಅಪ್ಪನೇ ಶನಿವಾರ ಬೆಳಿಗ್ಗೆ ವಿಡಿಯೋದಲ್ಲಿ ಮಾಸ್ಟ್ರಾದರು. ಒತ್ತಕ್ಷರಕ್ಕೆ ಅವಳು ಬೈದುಕೊಂಡದ್ದು ಅಷ್ಟಿಷ್ಟಲ್ಲ. ಎರಡು ವರ್ಷದ ಕಾಪಿ ಪುಸ್ತಕ, ಓದಿದ ಪಟ್ಟಿ, ಮಾತಾಡಿದ ರೆಕಾರ್ಡಿಂಗ್ ಎಲ್ಲ ಇಟ್ಟಿದ್ದೆ. ಅರ್ಜಿ ಹಾಕಿದ ಒಂದು ಕಾಲೇಜು ಹಾಗೆಯೇ ಒಪ್ಪಿತು, ಇನ್ನೊಂದು ಕಲಿಸಿದವರ ಪತ್ರ ಕೇಳಿತು. ನಿವೃತ್ತ ಮಾಸ್ಟ್ರು ತಮ್ಮ ಮೊಮ್ಮಗಳ ಬಗ್ಗೆ ಪತ್ರ ಬರೆದು ಕೆಳಗೆ ಕನ್ನಡದಲ್ಲೇ ಸಹಿ ಹಾಕಿದರು. ಅವರ ಕೊನೆಯ ಡಿವಿಷನ್‌ನಲ್ಲಿ ಒಬ್ಬಳೇ ವಿದ್ಯಾರ್ಥಿನಿ.

ಕೊನೆಯ ಪ್ರಶ್ನೆಗೆ ಉತ್ತರ ನಿನಗೆ ಇಷ್ಟವಾಗಲಿಕ್ಕಿಲ್ಲ. 1965ರ ವ್ಯಾಟಿಕನ್ ಮಹಾಸಭೆಯ ಘೋಷಣೆಯಲ್ಲಿ ತಂದೆತಾಯಿಯೇ ಮಕ್ಕಳ ಮೊದಲ ಮತ್ತು ಮುಖ್ಯ ಶಿಕ್ಷಕರು ಎಂದಿದೆ. ಇಲ್ಲಿನ ಮನೆಶಾಲೆಯವರು ಅದನ್ನು ಆಗಾಗ ಹೇಳುತ್ತಾರೆ. ಅದೇ ಘೋಷಣೆ ಆದಷ್ಟು ಮಟ್ಟಿಗೆ ಕ್ಯಾಥೊಲಿಕ್ ಶಾಲೆಗೆ ಕಳಿಸಿ ಎಂದೂ ಹೇಳುತ್ತದೆ. ಆ ಮಾತು ಯಾರ ಬಾಯಿಗೂ ಬರುವುದಿಲ್ಲ. ನಾವು ದಿನಾ ಸಂಜೆ ತೇರ್ಸ್, ಅಂದರೆ ಜಪಮಾಲೆ ಹೇಳಿದೆವು, ಬೈಬಲ್ ಓದಿದೆವು. ನಮ್ಮ ಹೊಸ ತೆನೆಯ ಮೊಂತಿ ಹಬ್ಬಕ್ಕೆ ಭತ್ತದ ತೆನೆ ಎಲ್ಲಿ ಸಿಗಬೇಕು, ಏಷ್ಯನ್ ಅಂಗಡಿಯ ಹಸಿರು ಸೊಪ್ಪಿಗೇ ಸಮಾಧಾನ ಪಟ್ಟೆವು. ನಾಲ್ಕು ವರ್ಷವೂ ಮನೆಯಲ್ಲೇ ಓದಿದ ಮಗಳು ಕಾಲೇಜಿಗೆ ಹೋದ ಮೇಲೆ ಒಂದು ವರ್ಷ ಪೂಜೆಗೆ ಹೋಗಲಿಲ್ಲ. ಈಗ ಹೋಗುತ್ತಾಳೆ, ತನ್ನದೇ ಕಾರಣಕ್ಕೆ. ಮಗ 16ಕ್ಕೆ, "ಅಮ್ಮ, ನನಗೆ ಬ್ಯಾಂಡ್ ಬೇಕು, ಗೆಳೆಯರು ಬೇಕು" ಅಂದ. ಹನ್ನೊಂದನೆಗೆ ಸರಕಾರಿ ಹೈಸ್ಕೂಲಿಗೆ ಹಾಕಿದೆವು. ಪರೀಕ್ಷೆ ಇಟ್ಟು ಕ್ರೆಡಿಟ್ ಕೊಟ್ಟರು, ಎರಡು ವಿಷಯ ಮಾತ್ರ ಪುನಃ ಓದಿಸಿದರು. ನೀನು ಹೆದರುವ ಅದೇ ಶಾಲೆಯಿಂದ ಬಂದು ಅವನು ಭಾನುವಾರ ಇಗರ್ಜಿಯಲ್ಲಿ ಗಿಟಾರ್ ನುಡಿಸುತ್ತಿದ್ದ. ನನ್ನ ಲೆಕ್ಕಾಚಾರ ಎಲ್ಲಾ ತಲೆಕೆಳಗೆ ಆಯಿತು ಮಾರಾಯ್ತಿ.

ನಿನ್ನ ವೀಸಾಕ್ಕೆ ಸಂಬಂಧಪಟ್ಟದ್ದು ಸ್ವಲ್ಪ ಉಂಟು. ಎಚ್-4 ಮಕ್ಕಳು ಅಂಗಡಿಯಲ್ಲಿ ಪಾರ್ಟ್‌ಟೈಮ್ ಕೆಲಸಕ್ಕೂ ಹೋಗುವ ಹಾಗಿಲ್ಲ, ಕಾಲೇಜಿಗೆ ಕೇಂದ್ರ ಸರಕಾರದ ಸಹಾಯಧನವೂ ಸಿಗುವುದಿಲ್ಲ, 21 ತುಂಬಿದರೆ ಬೇರೆ ವೀಸಾ ಬೇಕು. ಮನೆಯಲ್ಲೇ ಓದಿಸಿ ಅದರ ಮೇಲೆ ಇದೂ ಬಂದರೆ ಮಗು ನಾಲ್ಕು ಗೋಡೆಯೊಳಗೆ. ಅದಕ್ಕೆ ನೀನು ಪಠ್ಯಪುಸ್ತಕಕ್ಕೆ ಮೊದಲು ಡ್ರೈವಿಂಗ್ ಲೈಸೆನ್ಸ್ ಮಾಡಿಸಿಕೋ. ಎರಡು ಮೂರು ವರ್ಷದಲ್ಲಿ ಊರಿಗೆ ವಾಪಸ್ಸು ಎಂಬ ಯೋಚನೆ ಇದ್ದರಂತೂ ಮನೆಶಾಲೆ ಬೇಡವೇ ಬೇಡ. ಅಲ್ಲಿನ ಕಾಲೇಜಿನವರು ಮಾನ್ಯತೆ ಇರುವ ಬೋರ್ಡಿನ ಸರ್ಟಿಫಿಕೇಟು ಕೇಳುತ್ತಾರೆ. ನೀನು ಸಹಿ ಹಾಕಿದ ಕಾಗದ ಹಿಡಿದು ಯಾವ ಕೌಂಟರಿಗೆ ಹೋಗುತ್ತೀ?

ಚಿಕ್ಕವನ ಚಿಂತೆ ಈಗ ಬೇಡ, ಅವನಿಗೆ ಹೈಸ್ಕೂಲಿಗೆ ಇನ್ನೂ ಸಮಯ ಉಂಟು. ದೊಡ್ಡವಳು ಈ ವರ್ಷ ಶಾಲೆಗೆ ಹೋಗಲಿ. ಮೇ ತಿಂಗಳವರೆಗೆ ನೋಡಿ ಅವಳೇ ಹೇಳಲಿ. ಗುರುವಾರ ನಮ್ಮ ಕೋ-ಆಪ್ ಉಂಟು, ಈಗಲೂ ನಾನು ಅಲ್ಲಿ ಚಿಕ್ಕವರಿಗೆ ಗಣಿತ ಹೇಳಿಕೊಡುತ್ತೇನೆ. ಅವಳಿಗೆ ಶಾಲೆ ರಜೆ ಇರುವ ಗುರುವಾರ ನೋಡಿ ಕರೆದುಕೊಂಡು ಬಾ. ನೀನು ಹೊರಗೆ ಬೇರೆ ಅಮ್ಮಂದಿರ ಜೊತೆ ಕಾಫಿ ಕುಡಿ. ಅವಳು ಒಳಗೆ ಮಕ್ಕಳ ಹತ್ತಿರ ಕೂತು ಏನು ಬೇಕಾದರೂ ಕೇಳಲಿ. ಬರುವಾಗ ನಿನ್ನ ಹತ್ತಿರ ಕುಚ್ಚಲಕ್ಕಿ ಇದ್ದರೆ ಒಂದು ಸೇರು ತಾ, ನನ್ನದು ಮುಗಿದಿದೆ.