ಸಜ್ಜದ ಮೇಲಿನದು ಹಾಗೇ ಇರಲಿ, ಮುಚ್ಚಳಗಳಿಂದ ಶುರು ಮಾಡಿ

ನೀವು ಬರೆದಿರುವುದು ಇಷ್ಟು: ಬೆಂಗಳೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಜೊತೆಗೆ ಅತ್ತೆಯವರು, ಇಬ್ಬರು ಮಕ್ಕಳು, ಒಂಬತ್ತು ವರ್ಷಗಳ ಸಾಮಾನು. ಸಜ್ಜ ತುಂಬಿದೆ, ಮಂಚದ ಕೆಳಗೆ ತುಂಬಿದೆ, ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಲು ಜಾಗವಿಲ್ಲ. ಎಲ್ಲಿಂದ ಶುರು ಮಾಡಲಿ, ಮಿಕ್ಸಿ, ಟಿವಿಗಳ ಖಾಲಿ ಪೆಟ್ಟಿಗೆಗಳನ್ನು ಎಸೆಯಬಹುದೇ ಎಂದು ಕೇಳಿದ್ದೀರಿ. ನಾನು ಮೈಸೂರಿನವಳು. ಆರು ವರ್ಷಗಳ ಹಿಂದೆ ನಮ್ಮ ಮನೆಯ ಪಾಡೂ ಇದೇ ಆಗಿತ್ತು. ಈಗಲೂ ನಮ್ಮದು ಅರಮನೆಯೇನಲ್ಲ, ಆದರೆ ನೆಂಟರು ಬರುತ್ತೇವೆಂದು ಫೋನ್ ಮಾಡಿದರೆ ಎದೆ ಹೊಡೆದುಕೊಳ್ಳುವುದಿಲ್ಲ.

ಮೊದಲು ನಾನು ಕೆಟ್ಟ ಬಗೆಯನ್ನು ಹೇಳುತ್ತೇನೆ. ಒಂದು ಭಾನುವಾರ ತಿಂಡಿ ಮುಗಿದದ್ದೇ ಯಜಮಾನರನ್ನು ಏಣಿ ಹತ್ತಿಸಿ ಸಜ್ಜದ ಮೇಲಿದ್ದುದನ್ನೆಲ್ಲ ಕೆಳಗಿಳಿಸಿಕೊಂಡೆ. ಹನ್ನೊಂದು ಗಂಟೆಯ ಹೊತ್ತಿಗೆ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಧ್ಯಾಹ್ನ ಮಗಳು ಹುಟ್ಟಿದಾಗಿನ ಕುಲಾವಿ ಸಿಕ್ಕಿತು, ಅದನ್ನು ಹಿಡಿದುಕೊಂಡು ಅರ್ಧ ಗಂಟೆ ಕುಳಿತೆ. ಆಮೇಲೆ ಮದುವೆಯ ಆಲ್ಬಮ್. ರಾತ್ರಿ ಒಂಬತ್ತಕ್ಕೆ ಹಾಸಿಗೆ ಹಾಸಲು ಜಾಗ ಬೇಕಲ್ಲ, ಎಲ್ಲವನ್ನೂ ಮೊದಲಿಗಿಂತ ಕೆಟ್ಟದಾಗಿ ಮೇಲಕ್ಕೆ ತುರುಕಿದೆವು. ಆ ದಿನ ಮನೆಯಿಂದ ಹೊರಗೆ ಹೋದದ್ದು ಒಂದು ಮುರಿದ ಛತ್ರಿ ಮಾತ್ರ.

ಸಜ್ಜದ ಮೇಲಿರುವುದು ಏನು ಹೇಳಿ? ಏನು ಮಾಡಬೇಕೆಂದು ತೋಚದೆ ಕಣ್ಣ ಮುಂದಿನಿಂದ ಎತ್ತಿಟ್ಟದ್ದು. ಅಂದು ತೋಚದ್ದು ಇಂದು ಏಣಿಯ ಕೆಳಗೆ ನಿಂತ ಮಾತ್ರಕ್ಕೆ ತೋಚುವುದಿಲ್ಲ. ಅದು ಕೊನೆಯ ಪಾಠ, ಮೊದಲನೆಯದಲ್ಲ.

ನಮ್ಮ ಮನೆಗಳನ್ನು ತುಂಬಿಸುವುದು ಸಾಮಾನಲ್ಲ, "ಇರಲಿ" ಎಂಬ ಮಾತು. "ಇದನ್ನು ಎಸೆಯಲೇ?" "ಇರಲಿ, ಯಾವುದಕ್ಕಾದರೂ ಬರುತ್ತದೆ." ಹಾರ್ಲಿಕ್ಸ್ ಬಾಟಲಿ ಇರಲಿ, ಸಿಹಿತಿಂಡಿಯ ಡಬ್ಬ ಇರಲಿ, ಕೆಟ್ಟ ಇಸ್ತ್ರಿಪೆಟ್ಟಿಗೆಯ ವೈರು ಇರಲಿ. ಎಷ್ಟೋ ಸಲ ಅದು ಸರಿಯಾದ ಮಾತೇ ಹೌದು, ಹಾಗೆ ಇಟ್ಟವರಿಂದಲೇ ನಮ್ಮ ಅಜ್ಜಿಯಂದಿರ ಸಂಸಾರ ಸಾಗಿದ್ದು. ನೀವು ನೋಡಬೇಕಾದದ್ದು ಆ "ಇರಲಿ" ಯಾರದು ಎಂಬುದನ್ನು. ನಿಮ್ಮದಾದರೆ ನೀವು ಹಿಂತೆಗೆದುಕೊಳ್ಳಬಹುದು. ಅತ್ತೆಯವರದಾದರೆ ಅವರೇ ತೆಗೆದುಕೊಳ್ಳಬೇಕು.

ಇದನ್ನು ನಾನು ಕಲಿತದ್ದು ಒಂದು ಚಕ್ಕುಲಿ ಒರಳಿನಿಂದ. ಹಿತ್ತಾಳೆಯದು, ಒಳಗೆ ಕಿಲುಬು ಹಿಡಿದಿತ್ತು, ಬಿಲ್ಲೆಗಳೇ ಇರಲಿಲ್ಲ. ಬಿಲ್ಲೆಯಿಲ್ಲದ ಒರಳು ಯಾವ ಪುರುಷಾರ್ಥಕ್ಕೆ ಎಂದುಕೊಂಡು ಗುಜರಿಯವನಿಗೆ ಹಾಕಿಬಿಟ್ಟೆ. ಗೋಕುಲಾಷ್ಟಮಿಯ ಹಿಂದಿನ ದಿನ ಅತ್ತೆ ತಮ್ಮ ಟ್ರಂಕಿನಿಂದ ಒಂದು ಪುಟ್ಟ ತಗಡಿನ ಡಬ್ಬ ತೆಗೆದರು. ಅದರಲ್ಲಿ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ನಾಲ್ಕು ಬಿಲ್ಲೆಗಳು: ನಕ್ಷತ್ರದ್ದು, ಮೂರು ತೂತಿನದು, ಓಂಪುಡಿಯದು, ರಿಬ್ಬನ್ ಪಕೋಡದ್ದು. ಹುಣಸೆಹಣ್ಣು ಹಾಕಿ ಉಜ್ಜಿ ಥಳಥಳ ಮಾಡಿದ್ದರು. ಅಂಗೈಯಲ್ಲಿ ಹಿಡಿದುಕೊಂಡು ಬಂದು "ಒರಳು ಎಲ್ಲಿಟ್ಟಿದ್ದೀಯಮ್ಮ?" ಎಂದರು. ಆ ವರ್ಷ ಚಕ್ಕುಲಿಯನ್ನು ಅಂಗಡಿಯಿಂದ ತಂದೆವು. ಅವರು ಒಂದು ಮಾತೂ ಆಡಲಿಲ್ಲ, ಬೈದಿದ್ದರೆ ಸುಲಭವಾಗುತ್ತಿತ್ತು. ಮುಂದೆ ಎರಡು ವರ್ಷ ನಾನು ಯಾವ ಡಬ್ಬ ಮುಟ್ಟಿದರೂ ಅವರು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು.

ಹಾಗಾಗಿ ಅತ್ತೆಯವರ ಟ್ರಂಕು, ದೇವರಮನೆ, ಹಿತ್ತಾಳೆ ತಾಮ್ರ ಯಾವುದನ್ನೂ ಈ ವರ್ಷ ಮುಟ್ಟಬೇಡಿ. ನಿಮ್ಮದನ್ನು ಮಾಡಿ. ಅವರು ನೋಡುತ್ತಿರುತ್ತಾರೆ.

ಸಾಮಾನು ತೆಗೆಯುವ ಮೊದಲು ಅದು ಯಾವ ಬಾಗಿಲಿನಿಂದ ಹೊರಗೆ ಹೋಗುತ್ತದೆ ಎಂದು ನಿಶ್ಚಯಿಸಿಕೊಳ್ಳಿ. ಬಹಳ ಜನ ಇಲ್ಲೇ ಸೋಲುತ್ತಾರೆ. "ಕೊಡಬೇಕಾದದ್ದು" ಎಂದು ನಾನು ಕಟ್ಟಿಟ್ಟ ಮೂಟೆ ಎರಡು ತಿಂಗಳು ಬಾಗಿಲ ಹಿಂದೆ ಕುಳಿತಿತ್ತು. ಮಕ್ಕಳು ಅದರಿಂದ ಒಂದೊಂದೇ ವಾಪಸು ತೆಗೆದುಕೊಂಡರು. ಆದ್ದರಿಂದ ಮೊದಲು ಗುಜರಿಯವನ ಫೋನ್ ನಂಬರ್ ತೆಗೆದುಕೊಂಡು ಅವನು ಬರುವ ದಿನ ಗೊತ್ತು ಮಾಡಿ, ಅದರ ಹಿಂದಿನ ಸಂಜೆ ಕೆಲಸಕ್ಕೆ ಕೂರಿ. ನಿಮ್ಮ ಊರಿನಲ್ಲಿ ಎರಡು ಬುಟ್ಟಿ, ಒಂದು ಚೀಲದ ಲೆಕ್ಕ (ಹಸಿ ಕಸಕ್ಕೂ ಸ್ಯಾನಿಟರಿ ಕಸಕ್ಕೂ ಒಂದೊಂದು ಬುಟ್ಟಿ, ಒಣ ಕಸಕ್ಕೆ ಚೀಲ) 2015ರಲ್ಲಿ ಹೈಕೋರ್ಟ್ ಹೇಳಿದ ಮೇಲೆ ಕಡ್ಡಾಯವಾಯಿತು. ಒಣ ಕಸ ತೆಗೆದುಕೊಳ್ಳುವ ವಾರ ನಿಮಗೆ ಗೊತ್ತೇ ಇರುತ್ತದೆ. ಗುಜರಿಯವನು ಬೇಡವೆನ್ನುವುದನ್ನು ಪಾಲಿಕೆಯ ಒಣ ಕಸ ಸಂಗ್ರಹ ಕೇಂದ್ರಕ್ಕೆ ಕೊಡಬಹುದು. ಹಳೆಯ ಮೊಬೈಲ್, ಚಾರ್ಜರ್, ರಿಮೋಟುಗಳನ್ನು ಇವುಗಳೊಂದಿಗೆ ಸೇರಿಸಬೇಡಿ, ಅವು ಇ-ತ್ಯಾಜ್ಯ. ಬೇರೆ ಚೀಲ ಮಾಡಿ ಇ-ತ್ಯಾಜ್ಯ ಪಡೆಯುವವರಿಗೇ ಕೊಡಿ. ಉಬ್ಬಿಕೊಂಡ ಮೊಬೈಲ್ ಬ್ಯಾಟರಿ ಕಂಡರೆ ಒತ್ತಬೇಡಿ, ಚುಚ್ಚಬೇಡಿ, ಕಾಗದ ಬಟ್ಟೆಗಳ ನಡುವೆ ಇಡಬೇಡಿ. ಅದು ಹೊತ್ತಿಕೊಳ್ಳಬಹುದು.

ಇನ್ನು ಶುರು. ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಗಳನ್ನೆಲ್ಲ ನೆಲಕ್ಕೆ ಸುರಿಯಿರಿ, ಒಂದೊಂದಕ್ಕೂ ಮುಚ್ಚಳ ಹುಡುಕಿ. ಜೋಡಿ ಸಿಗದ್ದು ಹೊರಗೆ. ಅಷ್ಟೇ. ಮುಚ್ಚಳಕ್ಕಾಗಿ ಯಾರೂ ಅಳುವುದಿಲ್ಲ, ಅದರಲ್ಲಿ ಯಾರ ನೆನಪೂ ಇರುವುದಿಲ್ಲ, ಅತ್ತೆಯವರ ಅಪ್ಪಣೆಯೂ ಬೇಡ. ನಮ್ಮ ಮನೆಯಲ್ಲಿ 31 ಡಬ್ಬಗಳಿಗೆ 44 ಮುಚ್ಚಳಗಳಿದ್ದವು, ಕೂಡಿದ್ದು 22 ಜೋಡಿ. ನಲವತ್ತು ನಿಮಿಷದ ಕೆಲಸ, ಒಂದು ಇಡೀ ಗೂಡು ಖಾಲಿಯಾಯಿತು. ಮರುದಿನ ಕವರಿನೊಳಗೆ ಕವರು, ಅದರೊಳಗೆ ಕವರು ಇಟ್ಟ ಆ ಮಹಾಕವರನ್ನು ಬಿಚ್ಚಿದೆ. ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದ್ದು 2016ರ ಮಾರ್ಚ್‌ನಲ್ಲಿ. ನನ್ನ ರಾಶಿಯ ತಳದಲ್ಲಿ ಅದಕ್ಕೂ ಹಿಂದಿನವಿದ್ದವು, ಮುಟ್ಟಿದರೆ ಪುಡಿಪುಡಿಯಾಗಿ ಕೈಗಂಟಿದವು. ಜೋಪಾನ ಮಾಡಿ ಮಾಡಿ ಕಸವನ್ನೇ ಸಾಕಿದ್ದೆ.

ಔಷಧಿಯ ಡಬ್ಬಕ್ಕೆ ಹತ್ತು ನಿಮಿಷ ಸಾಕು. ಅವಧಿ ಮುಗಿದದ್ದು, ಹೆಸರು ಅಳಿಸಿಹೋದದ್ದು, ಮಗುವಿನ ಕಳೆದ ವರ್ಷದ ಜ್ವರಕ್ಕೆ ಮುಚ್ಚಳ ತೆರೆದ ಸಿರಪ್, ಎಲ್ಲವೂ ಹೊರಗೆ.

ಬಟ್ಟೆಯ ಬೀರುವಿಗೆ ಬಂದಾಗ ಮೊದಲು ರವಿಕೆ ಕಣ ಎಣಿಸಿ. ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ಒಂದು ಕೊಡುತ್ತಾರೆ, ನಾವೂ ಅದನ್ನೇ ಇನ್ನೊಬ್ಬರಿಗೆ ಕೊಡುತ್ತೇವೆ. ನನ್ನಲ್ಲಿ 63 ಇದ್ದವು. ಅದರಲ್ಲೊಂದು ಹಸಿರು ಕಣದ ಮೂಲೆಯಲ್ಲಿ ನಾನೇ ಹಿಂದೊಮ್ಮೆ ಪೆನ್ನಿನಿಂದ ಹಾಕಿದ್ದ ಗುರುತಿತ್ತು, ಊರೆಲ್ಲ ಸುತ್ತಿ ಮನೆಗೆ ಬಂದಿತ್ತು! ಹೊಲಿಸಲು ಯೋಗ್ಯವಾದ ಎಂಟನ್ನು ಇಟ್ಟುಕೊಂಡೆ. ಉಳಿದವನ್ನು ಬೀದಿಯ ಟೈಲರಮ್ಮನಿಗೆ ಕೊಟ್ಟು ತರಕಾರಿ ಚೀಲ ಹೊಲಿಸಿದೆ. ಈಗ ನಮ್ಮ ಮನೆಯಲ್ಲಿ ತಾಂಬೂಲಕ್ಕೆ ಆ ಚೀಲವನ್ನೇ ಕೊಡುತ್ತೇನೆ. ಹಳೆಯ ನೂಲಿನ ಸೀರೆಗಳನ್ನು ಧಾರವಾಡದ ಕಡೆಯ ನಮ್ಮ ನಾದಿನಿ ತೆಗೆದುಕೊಂಡು ಹೋದಳು, ಆ ಕಡೆ ಕೌದಿ ಹೊಲಿಯುವ ಹೆಂಗಸರಿಗೆ ಮೆತ್ತಗಾದ ಸೀರೆಯೇ ಬೇಕು. ಹಳೆಯ ಬಟ್ಟೆಗೆ ಪಾತ್ರೆ ಕೊಡುತ್ತೇವೆಂದು ಬೀದಿಯಲ್ಲಿ ಕೂಗುತ್ತಾರಲ್ಲ, ಅವರನ್ನು ದಯವಿಟ್ಟು ಕರೆಯಬೇಡಿ. ಬಟ್ಟೆ ಹೋಗಿ ಪಾತ್ರೆ ಬರುತ್ತದೆ, ಪಾತ್ರೆಯ ಗೂಡು ಮೊದಲೇ ತುಂಬಿದೆ. ಮದುವೆ, ಗೃಹಪ್ರವೇಶಗಳಲ್ಲಿ ಹೆಸರು ಕೆತ್ತಿಸಿ ಕೊಟ್ಟ ಸ್ಟೀಲ್ ಪಾತ್ರೆ ಜಾಸ್ತಿಯಾಗಿದ್ದರೆ ಪಾತ್ರೆ ಅಂಗಡಿಯಲ್ಲಿ ತೂಕಕ್ಕೆ ಹಾಕಿ ನಿಮಗೆ ಬೇಕಾದ ಒಂದೇ ಒಳ್ಳೆಯ ಕುಕ್ಕರ್ ತನ್ನಿ.

ಬಳಸಿದ ಆದರೆ ಒಗೆಯುವಷ್ಟು ಕೊಳೆಯಾಗದ ಬಟ್ಟೆಗಳು ಕುರ್ಚಿಯ ಮೇಲೆ ಬೆಟ್ಟವಾಗುತ್ತವೆಯೇ? ಬೈದು ಪ್ರಯೋಜನವಿಲ್ಲ. ಬಾಗಿಲ ಹಿಂದೆ ಒಬ್ಬೊಬ್ಬರಿಗೆ ಎರಡು ಗೂಟ ಹೊಡೆಸಿ, ಕುರ್ಚಿಯನ್ನು ಕೋಣೆಯಿಂದ ಹೊರಗೆ ಹಾಕಿ. ನನ್ನ ಅನುಭವದಲ್ಲಿ ಜೋಡಿಸುವ ವಿದ್ಯೆಯೆಲ್ಲ ಇಷ್ಟೇ: ವಸ್ತು ಎಲ್ಲಿ ಬೀಳುತ್ತದೋ ಅಲ್ಲೇ ಅದಕ್ಕೊಂದು ಜಾಗ ಮಾಡುವುದು. ಚೆಂದದ ಬುಟ್ಟಿ, ಪೆಟ್ಟಿಗೆಗಳನ್ನು ಮೊದಲೇ ಕೊಳ್ಳಬೇಡಿ. ನಾನು ಕೊಂಡಿದ್ದೆ. ಆರು ಬುಟ್ಟಿಗಳಲ್ಲಿ ನಾಲ್ಕು ಆಮೇಲೆ ಅದೇ ಸಜ್ಜಕ್ಕೆ ಹೋದವು.

ಕಾಗದಗಳಿಗೆ ಒಂದು ದಿನ ಬೇರೆಯೇ ಇಡಿ, ಫ್ಯಾನ್ ಆರಿಸಿ ಕೂರಿ. ನೀವು ಬಾಡಿಗೆಯಲ್ಲಿದ್ದೀರಿ, ಆದ್ದರಿಂದ ಕರಾರುಪತ್ರ ಮತ್ತು ಮುಂಗಡ ಕೊಟ್ಟ ದಾಖಲೆ ಮೊದಲು. ಊರಲ್ಲಿ ಮನೆ, ಜಮೀನು ಇದ್ದರೆ ಕ್ರಯಪತ್ರ, ಖಾತೆ, ಕಂದಾಯ ಕಟ್ಟಿದ ರಸೀದಿಗಳು ಎಷ್ಟು ಹಳೆಯವಾದರೂ ಇರಲಿ (ಇಲ್ಲಿ "ಇರಲಿ" ಸರಿಯಾದ ಮಾತು). ವಿಮೆಯ ಮೂಲ ಬಾಂಡ್, ಅಂಕಪಟ್ಟಿ, ಜನನ ಪ್ರಮಾಣಪತ್ರ ಒಂದೇ ಜಿಪ್ ಚೀಲದಲ್ಲಿರಲಿ, ಅದು ಎಲ್ಲಿದೆ ಎಂದು ಮನೆಯ ಎಲ್ಲ ದೊಡ್ಡವರಿಗೂ ಗೊತ್ತಿರಲಿ. ಅಂಗಡಿಯವರು ಕೊಡುವ ನುಣುಪು ಕಾಗದದ ಬಿಲ್ಲಿನಲ್ಲಿ ಅಕ್ಷರ ಮೂಡುವುದು ಶಾಖದಿಂದ, ಕಾಲ ಕಳೆದಂತೆ ಅಳಿಸಿಹೋಗುತ್ತದೆ. ಗ್ಯಾರಂಟಿ ಇರುವ ವಸ್ತುವಿನ ಬಿಲ್ಲಾದರೆ ತಂದ ದಿನವೇ ಫೋಟೋ ತೆಗೆದುಕೊಳ್ಳಿ. ಆಧಾರ್ ಜೆರಾಕ್ಸ್, ಬ್ಯಾಂಕಿನ ಕಾಗದಗಳನ್ನು ಹರಿಯದೆ ಗುಜರಿಗೆ ಹಾಕಬೇಡಿ.

ಈ ರಾಶಿಯಲ್ಲಿ ಲಗ್ನಪತ್ರಿಕೆಗಳೂ ಹಳೆಯ ಕ್ಯಾಲೆಂಡರ್‌ಗಳೂ ಸಿಗುತ್ತವೆ, ಎಲ್ಲದರ ಮೇಲೂ ಗಣಪತಿ, ವೆಂಕಟರಮಣ. ಎಸೆಯಲು ಕೈ ಬರುವುದಿಲ್ಲ. ನಮ್ಮ ಬೀದಿಯವರು ಗಾಜು ಒಡೆದ ದೇವರ ಪಟಗಳನ್ನು ಅಶ್ವತ್ಥಕಟ್ಟೆಗೆ ಒರಗಿಸಿ ಬರುತ್ತಾರೆ. ಮಳೆಗೆ ನೆನೆದು, ಗಾಜು ಚೂರಾಗಿ, ಬರಿಗಾಲಲ್ಲಿ ಪ್ರದಕ್ಷಿಣೆ ಮಾಡುವವರ ಕಾಲಿಗೆ ಚುಚ್ಚುತ್ತದೆ. ಇದರಲ್ಲಿ ಭಕ್ತಿ ಎಲ್ಲಿದೆಯೋ ನನಗಂತೂ ಕಾಣದು. ನಾನು ಕಟ್ಟು ಬಿಚ್ಚಿ, ಗಾಜನ್ನು ಪೇಪರಿನಲ್ಲಿ ಸುತ್ತಿ ಬೇರೆ ಕೊಟ್ಟೆ. ಪಟದ ತೆಳು ಕಾಗದವನ್ನು ಬಕೆಟ್ಟಿನಲ್ಲಿ ಎರಡು ದಿನ ನೆನೆಸಿ, ಕಿವುಚಿ ಮುದ್ದೆ ಮಾಡಿ ತುಳಸಿಯಲ್ಲದ ಬೇರೆ ಗಿಡದ ಬುಡಕ್ಕೆ ಹಾಕಿದೆ. ಪ್ಲಾಸ್ಟಿಕ್ ಹಾಳೆ ಅಂಟಿಸಿದವು ಕರಗುವುದಿಲ್ಲ, ಅವು ಒಣ ಕಸಕ್ಕೆ. ಅತ್ತೆ ಇದನ್ನು ದೂರದಿಂದ ನೋಡಿದರು. ಮಾರನೆಯ ವಾರ ತಮ್ಮ ಮಂಚದ ಕೆಳಗಿನಿಂದ ಹದಿನಾಲ್ಕು ವರ್ಷದ ಕ್ಯಾಲೆಂಡರ್‌ಗಳನ್ನು ತಾವೇ ಎಳೆದು ತಂದು ಬಕೆಟ್ಟಿನ ಪಕ್ಕ ಇಟ್ಟರು.

ಕಾಲ ನೋಡಿಕೊಳ್ಳಿ. ಆಷಾಢದ ಮಳೆಯಲ್ಲಿ ಶುರು ಮಾಡಿದರೆ ಹಾಸಿಗೆ, ಬಟ್ಟೆ, ಪುಸ್ತಕ ಯಾವುದನ್ನೂ ಬಿಸಿಲಿಗೆ ಹಾಕಲಾಗುವುದಿಲ್ಲ. ಯುಗಾದಿಗೆ ಹೇಗೂ ಜೇಡರಬಲೆ ಹೊಡೆಯುತ್ತೇವೆ, ಅದಕ್ಕೆ ಮೂರು ವಾರ ಮೊದಲು ಹಿಡಿದರೆ ಬಿಸಿಲೂ ಇರುತ್ತದೆ, ಗಡುವೂ ಇರುತ್ತದೆ. ಬಾಲ್ಕನಿಯ ಒಡೆದ ಕುಂಡ, ಖಾಲಿ ಪೇಂಟ್ ಡಬ್ಬಗಳನ್ನು ಮಾತ್ರ ಯುಗಾದಿಗೆ ಕಾಯಿಸಬೇಡಿ. ನೀರು ನಿಂತರೆ ಡೆಂಗಿಯ ಸೊಳ್ಳೆಗೆ ಅಷ್ಟು ಸಾಕು.

ಕೊನೆಗೆ ಆ ಪೆಟ್ಟಿಗೆಗಳು. ನೀವು ಬಾಡಿಗೆ ಮನೆಯವರಾದ್ದರಿಂದ ಟಿವಿಯ ಪೆಟ್ಟಿಗೆಯನ್ನು, ಅದರ ಒಳಗಿನ ಥರ್ಮಾಕೋಲ್ ಸಮೇತ ಉಳಿಸಿಕೊಳ್ಳಿ. ಮನೆ ಬದಲಿಸುವಾಗ ಪರದೆಗೆ ಅದೇ ರಕ್ಷೆ. ಮಿಕ್ಸಿ, ಫ್ಯಾನ್, ಇಸ್ತ್ರಿಪೆಟ್ಟಿಗೆ, ಮೊಬೈಲ್‌ಗಳ ಪೆಟ್ಟಿಗೆ ಬೇಡ, ಸಾಗಿಸುವ ದಿನ ಕಿರಾಣಿ ಅಂಗಡಿಯಲ್ಲಿ ರಟ್ಟಿನ ಪೆಟ್ಟಿಗೆ ಸಿಗುತ್ತದೆ. ಗ್ಯಾರಂಟಿಗೆ ಬಿಲ್ಲು ಬೇಕೇ ಹೊರತು ಪೆಟ್ಟಿಗೆಯಲ್ಲ. ಕೊಂಡು ಹದಿನೈದು ದಿನವಾಗದ ವಸ್ತುವಿನದಾದರೆ ಮಾತ್ರ ಇಡಿ, ವಾಪಸು ಕೊಡಬೇಕಾಗಬಹುದು. ಎಸೆಯುವ ಮೊದಲು ಒಳಗೆ ಕೈ ಹಾಕಿ ನೋಡಿ. ನಮ್ಮ ಮಿಕ್ಸಿಯ ಪೆಟ್ಟಿಗೆಯ ತಳದಲ್ಲಿ ಚಟ್ನಿ ಜಾರು ಬಿಚ್ಚದೆ ಹಾಗೇ ಇತ್ತು, ಅದು ಬಂದಿಲ್ಲವೆಂದು ನಾವು ಬೇರೆ ಕೊಂಡಿದ್ದೆವು.